ಪದವಿಚಾರ: ಬಾಸ್ಕ್ ಹಳ್ಳಿಗಾಡಿನ ‘ಬಸೆರ್ರಿ’, ‘ಸಗರ್ದೊತೆಗಿ’ಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಪದಬಲ್ಲ ಮಿತ್ರರಿಗೆ ನಮಸ್ಕಾರ.

ಸ್ಪೇನ್ ಮತ್ತು ಫ್ರಾನ್ಸ್ ಗಡಿಯಲ್ಲಿ, ಬಿಸ್ಕೇ ಕೊಲ್ಲಿಯ ಅಂಚಿನಿಂದ ಪಿರೆನೀಸ್ ಪರ್ವತಸಾಲಿನ ಪಶ್ಚಿಮ ತುದಿಯವರೆಗೆ ಹಬ್ಬಿರುವ ಬಾಸ್ಕ್ ನಾಡಿನ ಹಳ್ಳಿಗಳನ್ನು ನೋಡಲು ಹೊರಡುವ ಕನ್ನಡಿಗರಿಗಾಗಿ ಒಂದು ಕಿರುಗೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಎಲ್ಲಿ ತಂಗಬೇಕು, ಯಾವ ಬೆಟ್ಟ ಹತ್ತಬೇಕು, ಯಾವ ವಾರ ಯಾವ ಸಂತೆಗೆ ಹೋಗಬೇಕು ಎಂಬುದನ್ನು ಬರೆಯಲು ಕಷ್ಟವೇನಿಲ್ಲ; ಒರ್ದಿಸಿಯಾದ ಸಂತೆ ಬುಧವಾರ, ತೊಲೊಸಾದ್ದು ಶನಿವಾರ, ಗೆರ್ನಿಕಾದ್ದು ಸೋಮವಾರ ಎಂದರೆ ಮುಗಿಯಿತು. ತೊಡಕಿರುವುದು ಅಲ್ಲಿನ ಬದುಕಿಗೆ ಸೇರಿದ ಕೆಲವು ಪದಗಳಲ್ಲಿ. ಅವುಗಳಿಗೆ ನಮ್ಮ ಹಳ್ಳಿಗಳಲ್ಲಿ ಹತ್ತಿರದ ಪದಗಳಿವೆ, ಆದರೆ ಹತ್ತಿರದ ಪದವೇ ಕೆಲವೊಮ್ಮೆ ಓದುಗನನ್ನು ಬೇರೆ ಊರಿಗೆ ಕರೆದೊಯ್ಯುತ್ತದೆ. ವಸ್ತುವೂ ಅದರ ಬಳಕೆಯೂ ಒಂದೇ ಆಗಿದ್ದರೆ ನಮ್ಮ ಪದ, ಬಳಕೆ ಬೇರೆಯಾಗಿದ್ದರೆ ಅವರ ಪದ ಎಂಬುದು ಸದ್ಯಕ್ಕೆ ನಾನು ಹಿಡಿದಿರುವ ದಾರಿ. ಅದು ಎಲ್ಲೆಲ್ಲಿ ಸರಿ ಹೋಗುತ್ತದೆ, ಎಲ್ಲೆಲ್ಲಿ ಎಡವುತ್ತದೆ ಎಂಬುದರ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಬಸೆರ್ರಿ’. ‘ಬಸೊ’ ಎಂದರೆ ಕಾಡು, ‘ಎರ್ರಿ’ ಎಂದರೆ ಊರು ಅಥವಾ ನಾಡು. ಊರಿನ ಗುಂಪಿನಿಂದ ದೂರದಲ್ಲಿ, ತನ್ನದೇ ಹೊಲ, ಹುಲ್ಲುಗಾವಲು, ಸೇಬಿನ ತೋಟ ಮತ್ತು ಕಾಡಂಚಿನ ನಡುವೆ ಒಂಟಿಯಾಗಿ ನಿಂತಿರುವ, ಕಲ್ಲು ಮತ್ತು ಮರದಿಂದ ಕಟ್ಟಿದ ದೊಡ್ಡ ಮನೆ ಇದು. ನೆಲಮಟ್ಟದಲ್ಲಿ ಅಡುಗೆಮನೆಗೆ ತಾಗಿದಂತೆ ಕೊಟ್ಟಿಗೆ, ಮೇಲಿನ ಅಟ್ಟದಲ್ಲಿ ಹುಲ್ಲು ಮತ್ತು ಕಾಳು, ಎಲ್ಲವೂ ಒಂದೇ ಅಗಲವಾದ ಮಾಡಿನ ಕೆಳಗೆ. ಎಸ್ಕಿಯೊ ಎಂಬಲ್ಲಿ ಈಗ ವಸ್ತುಸಂಗ್ರಹಾಲಯವಾಗಿರುವ, 16ನೇ ಶತಮಾನದ ಇಗಾರ್ತುಬೆಯ್ತಿ ಬಸೆರ್ರಿಯಲ್ಲಿ ಸೇಬಿನ ರಸ ಹಿಂಡುವ ಭಾರೀ ತೊಲೆಯ ಯಂತ್ರವು ಮನೆಯ ಚೌಕಟ್ಟಿಗೇ ಬೆಸೆದುಕೊಂಡಿದೆ. ಮನೆಯೊಳಗೆ ಯಂತ್ರ ಇಟ್ಟರೋ, ಯಂತ್ರದ ಸುತ್ತ ಮನೆ ಕಟ್ಟಿದರೋ ಎಂದು ಯಾರಾದರೂ ಕೇಳಬೇಕು, ಹಾಗಿದೆ.

ಇದನ್ನು ‘ತೋಟದ ಮನೆ’ ಎಂದರೆ ಬಯಲುಸೀಮೆಯ ಓದುಗರು ಊರೊಳಗೆ ಇನ್ನೊಂದು ಮನೆ ಇರುವವರ ಎರಡನೆಯ ಮನೆಯನ್ನು ನೆನೆಯುತ್ತಾರೆ. ‘ಫಾರ್ಮ್‌ಹೌಸ್’ ಎಂಬ ಪದವಂತೂ ನಮ್ಮಲ್ಲಿ ಬೇಸಾಯದ ನಂಟನ್ನೇ ಕಳಚಿಕೊಂಡು, ನಗರದ ಸ್ಥಿತಿವಂತರು ವಾರಾಂತ್ಯಕ್ಕೆ ಹೋಗುವ ಬಂಗಲೆಯ ಹೆಸರಾಗಿದೆ. ಕೊಡಗಿನ ‘ಐನ್‌ಮನೆ’ ನನಗೆ ಬಹಳ ಆಸೆ ಹುಟ್ಟಿಸಿದ ಪದ, ಏಕೆಂದರೆ ಬಸೆರ್ರಿಯಲ್ಲಿಯೂ ಮನೆಯ ಹೆಸರೇ ಮನೆತನದ ಹೆಸರು. ಆದರೆ ಐನ್‌ಮನೆ ಇಡೀ ಒಕ್ಕಕ್ಕೆ, ಅಂದರೆ ಒಂದು ಮೂಲದ ಕುಲಕ್ಕೆಲ್ಲ ಸೇರಿದ್ದು; ಬಸೆರ್ರಿಯನ್ನು ಜಮೀನಿನ ಸಮೇತ ಪಾಲು ಮಾಡದೆ, ಒಬ್ಬ ಮಗನಿಗೋ ಮಗಳಿಗೋ ಇಡಿಯಾಗಿ ಒಪ್ಪಿಸುವುದು ಅಲ್ಲಿನ ಹಳೆಯ ರೂಢಿ. ಉಳಿದ ಮಕ್ಕಳು ಹಡಗು, ಚರ್ಚು, ಅಮೆರಿಕ ಎಂದು ಹೊರಟುಬಿಡುತ್ತಿದ್ದರು. ಮಲೆನಾಡಿನ ‘ಒಂಟಿಮನೆ’ ನೋಟಕ್ಕೆ ಸರಿಯಾಗಿ ಹೊಂದುತ್ತದೆ, ಆದರೆ ಅದು ಮನೆ ಇರುವ ಜಾಗವನ್ನು ಹೇಳುತ್ತದೆಯೇ ಹೊರತು ಅದರ ಬೇಸಾಯವನ್ನು ಹೇಳುವುದಿಲ್ಲ. ‘ಒಕ್ಕಲುಮನೆ’ ಎಂದರೆ ಹೇಗೆ? ಮನೆ, ಕುಟುಂಬ, ಬೇಸಾಯ ಮೂರೂ ಆ ಒಂದೇ ಪದದಲ್ಲಿವೆ. ಗೇಣಿಯ ವಾಸನೆ ಸ್ವಲ್ಪ ಉಳಿದಿದೆ ಎಂಬುದೊಂದೇ ನನ್ನ ಅಳುಕು. ಬಸೆರ್ರಿಯಲ್ಲಿ ಬದುಕುವವನಿಗೆ ಅವರು ‘ಬಸೆರ್ರಿತಾರ್’ ಎನ್ನುತ್ತಾರೆ. ಅದಕ್ಕೆ ‘ಒಕ್ಕಲಿಗ’ ಎಂದು ಬರೆದರೆ ಜಾತಿಯ ಹೆಸರಾಗಿಬಿಡುವುದರಿಂದ ಅಲ್ಲಿ ‘ರೈತ’ ಎಂದೇ ಇಟ್ಟಿದ್ದೇನೆ.

ಮನೆಯ ಹೆಸರಿನ ಮಾತು ಬಂದದ್ದರಿಂದ ಒಂದು ಉಪಕಥೆ. ‘ಎಚೆ’ ಎಂದರೆ ಮನೆ, ‘ಬೆರ್ರಿ’ ಎಂದರೆ ಹೊಸದು. ‘ಎಚೆಬೆರ್ರಿಯಾ’ ಎಂಬುದು ಬಾಸ್ಕರಲ್ಲಿ ಬಹಳ ಸಾಮಾನ್ಯವಾದ ಅಡ್ಡಹೆಸರು, ನಮ್ಮ ಉತ್ತರ ಕರ್ನಾಟಕದ ‘ಹೊಸಮನಿ’ ಇದ್ದ ಹಾಗೆ. ಇದೇ ಪದ ಸವೆದು ನವಾರ್ರಾ ಸೀಮೆಯಲ್ಲಿ ‘ಶಬಿಯೆರ್’ ಎಂಬ ಊರಹೆಸರಾಯಿತು. ಆ ಊರಿನ ಕೋಟೆಯಲ್ಲಿ 1506ರಲ್ಲಿ ಹುಟ್ಟಿದವರು, ಹಳೆ ಗೋವಾದಲ್ಲಿ ಇಂದಿಗೂ ಪಾರ್ಥಿವ ಶರೀರವಿರುವ ಸಂತ ಫ್ರಾನ್ಸಿಸ್ ಕ್ಸೇವಿಯರ್. ಮಂಗಳೂರಿನ ಕಡೆ ಮನೆಮನೆಯಲ್ಲಿ ಕೇಳುವ ಆ ಹೆಸರಿನ ಮೂಲ ಹೀಗೆ ಒಂದು ಹೊಸ ಮನೆ. ಕೈಪಿಡಿಯಲ್ಲಿ ಆ ಕೋಟೆಯ ಭೇಟಿಯನ್ನು ಸೇರಿಸಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ತಂಗುವ ವ್ಯವಸ್ಥೆಗೆ ‘ಹೋಮ್‌ಸ್ಟೇ’ ಎಂಬ ಪದವನ್ನೇ ಬಳಸಿದ್ದೇನೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳಲ್ಲಿ ಅದು ಕನ್ನಡವೇ ಆಗಿದೆ. ಆದರೆ ಬಾಸ್ಕರು ಇಲ್ಲಿ ಎರಡು ಬಗೆ ಮಾಡುತ್ತಾರೆ. ಈಗಲೂ ಬೇಸಾಯ ನಡೆಯುತ್ತಿರುವ ಮನೆಯಾದರೆ ‘ನೆಕಸಲ್ ತುರಿಸ್ಮೊ’, ಬರಿಯ ಹಳ್ಳಿಮನೆಯಾದರೆ ‘ಲಂದೆಚೆ’. ಬೆಳಗಿನ ಹಾಲು ಕರೆಯುವುದನ್ನು ನೋಡಬೇಕೆನ್ನುವವರು ಮೊದಲನೆಯದನ್ನೇ ಕೇಳಿ ಹಿಡಿಯಬೇಕಾದ್ದರಿಂದ ಈ ಭೇದವನ್ನು ಕನ್ನಡದಲ್ಲಿ ಉಳಿಸಲೇಬೇಕು. ‘ರೈತರ ಹೋಮ್‌ಸ್ಟೇ’, ‘ಹಳ್ಳಿಮನೆ’ ಎಂದು ಬೇರ್ಪಡಿಸಿದರೆ ಸಾಕೇ?

ಎರಡನೆಯದೂ ಹೆಚ್ಚು ಕಾಡಿದ್ದೂ ‘ಸಗರ್ದೊತೆಗಿ’. ‘ಸಗರ್’ ಸೇಬು, ‘ಅರ್ದೊ’ ದ್ರಾಕ್ಷಾರಸದ ಮದ್ಯ, ‘ತೆಗಿ’ ಇರುವ ಜಾಗ. ಸೇಬಿನ ರಸವನ್ನು ಹುಳಿಯಿಸಿ ಮಾಡಿದ, ಸಕ್ಕರೆಯನ್ನಾಗಲಿ ಅನಿಲವನ್ನಾಗಲಿ ಬೆರೆಸದ, ಹುಳಿ ಮುಂದಾಗಿರುವ ಪಾನೀಯವೇ ‘ಸಗರ್ದೊ’. ದೊನೊಸ್ತಿಯಾ (ಸ್ಯಾನ್ ಸೆಬಾಸ್ಟಿಯನ್) ನಗರದ ಹೊರಗಿನ ಅಸ್ತಿಗರ್ರಾಗ, ಎರ್ನಾನಿ ಊರುಗಳಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ, ಅಂದರೆ ಹಿಂದಿನ ಶರತ್ಕಾಲದ ಸೇಬು ಪೀಪಾಯಿಯಲ್ಲಿ ಹದಗೊಂಡ ಮೇಲೆ, ಈ ಮನೆಗಳಲ್ಲಿ ಊಟ ನಡೆಯುತ್ತದೆ. ‘ಕುಪೆಲ’ ಎಂಬ ಆಳೆತ್ತರದ ಪೀಪಾಯಿಯ ಸಣ್ಣ ತೂತನ್ನು ಮುಚ್ಚುತ್ತಿದ್ದ ಕಡ್ಡಿಗೆ ‘ಚೊಚ್’ ಎಂದು ಹೆಸರು. ಮನೆಯವರು ‘ಚೊಚ್!’ ಎಂದು ಕೂಗಿದ ಕೂಡಲೇ ಎಲ್ಲರೂ ತಟ್ಟೆ ಬಿಟ್ಟೆದ್ದು ಲೋಟ ಹಿಡಿದು ಸಾಲುಗಟ್ಟುತ್ತಾರೆ. ಚಿಮ್ಮಿ ಬರುವ ತೆಳುವಾದ ಧಾರೆಯನ್ನು ಲೋಟವನ್ನು ಓರೆ ಮಾಡಿ, ಒಳಬದಿಗೆ ಬಡಿಯುವಂತೆ ದೂರದಿಂದಲೇ ಹಿಡಿಯಬೇಕು. ಎರಡು ಗುಟುಕಿನಷ್ಟಾದೊಡನೆ ಹಿಂದಿನವರ ಲೋಟ ಧಾರೆಯ ಕೆಳಗೆ ಬರುವಂತೆ ಸರಿದು, ಕೂಡಲೇ ಕುಡಿದು ಮುಗಿಸಬೇಕು. ಲೋಟ ತುಂಬಿಸಿಕೊಂಡು ಬಂದು ಮೇಜಿನ ಮೇಲಿಡುವುದು ಹೊರಗಿನವರ ಗುರುತು.

‘ಸೈಡರ್’ ಎಂದು ಬರೆದರೆ ಕನ್ನಡ ಓದುಗರಲ್ಲಿ ಬಹುಮಂದಿಗೆ ತೂಕ ಇಳಿಸಲು ಕುಡಿಯುವ ವಿನೆಗರ್ ನೆನಪಾಗುತ್ತದೆ. ಪಾನೀಯಕ್ಕೆ ‘ಸೇಬಿನ ಹೆಂಡ’ ಎನ್ನಲು ನನಗೆ ಅಡ್ಡಿಯಿಲ್ಲ. ಹುಳಿ ಬಂದ ರಸ, ಹಗುರವಾದ ಅಮಲು, ಋತುವಿಗೆ ಕಟ್ಟುಬಿದ್ದ ರುಚಿ ಎಲ್ಲವೂ ಅದರಲ್ಲಿ ಬರುತ್ತವೆ. ತೊಂದರೆ ಇರುವುದು ಜಾಗದ ಹೆಸರಿನಲ್ಲಿ. ‘ಹೆಂಡದಂಗಡಿ’, ‘ಪಡಖಾನೆ’, ಕರಾವಳಿಯ ‘ಗಡಂಗು’ ಇವೆಲ್ಲವೂ ಮನೆಯವರಿಗೆ ಹೇಳದೆ ಹೋಗುವ ಜಾಗಗಳು. ಸಗರ್ದೊತೆಗಿಗೆ ಅಜ್ಜಿ ಮೊಮ್ಮಕ್ಕಳ ಸಮೇತ ಹೋಗುತ್ತಾರೆ, ಉದ್ದನೆಯ ಹಲಗೆಮೇಜಿನಲ್ಲಿ ಉಂಡು ಬರುತ್ತಾರೆ. ‘ಸೇಬಿನ ಹೆಂಡದ ಮನೆ’ ಎಂದು ಒಮ್ಮೆ ವಿವರಿಸಿ, ಮುಂದೆಲ್ಲ ‘ಸಗರ್ದೊತೆಗಿ’ ಎಂದೇ ಉಳಿಸುವುದು ನನ್ನ ಸದ್ಯದ ತೀರ್ಮಾನ. ‘ಚೊಚ್’ ಕಡ್ಡಿಗೆ ‘ಬಿರಡೆ’ ಸರಿಯಾದ ಪದವಾದರೂ ಕೂಗನ್ನು ಹಾಗೆಯೇ ಬಿಡಬೇಕು, ‘ಬಿರಡೆ!’ ಎಂದು ಯಾರೂ ಲೋಟ ಹಿಡಿದು ಓಡಲಾರರು.

ಅಲ್ಲಿನ ಊಟ ಹೆಚ್ಚುಕಡಿಮೆ ಗೊತ್ತುಮಾಡಿದ್ದು: ಕಾಡ್ ಮೀನಿನ ಆಮ್ಲೆಟ್, ಹಸಿರು ಮೆಣಸಿನಕಾಯಿಯೊಂದಿಗೆ ಹುರಿದ ಕಾಡ್, ಮೂಳೆಸಹಿತ ಸುಟ್ಟ ದಪ್ಪ ದನದ ಮಾಂಸ, ಕೊನೆಗೆ ಚೀಸ್, ವಾಲ್‌ನಟ್ ಮತ್ತು ಕ್ವಿನ್ಸ್ ಹಣ್ಣಿನ ಗಟ್ಟಿ ಹಲ್ವ. ಕಾಡ್ ಉಪ್ಪು ಹಾಕಿ ಇಟ್ಟ ಮೀನೇ ಆದರೂ ಅದನ್ನು ನೀರು ಬದಲಿಸುತ್ತಾ ನೆನೆಸಿ ಉಪ್ಪು ಇಳಿಸಿ ಬೇಯಿಸುವುದರಿಂದ ‘ಒಣಮೀನು’ ಎನ್ನಲು ಮನಸ್ಸು ಬರುವುದಿಲ್ಲ. ಸಸ್ಯಾಹಾರಿಗಳು ತೊಲೊಸಾದ ಕಪ್ಪು ಕಾಳಿನ ಕಡೆಗೆ ಹೋಗುವುದು ಲೇಸು. ಅದರ ಜೊತೆ ಬರುವ ರಕ್ತದ ಸಾಸೇಜು ಮೊದಲಾದ ಮಾಂಸ ಬೇಡವೆಂದು ಮೊದಲೇ ಹೇಳಬೇಕು.

ಹಾಲಿನ ಪದಗಳಲ್ಲಿ ‘ಗಿಣ್ಣು’ ಒಂದು ಗೊಂದಲ. ಕೆಲವು ನಿಘಂಟುಗಳೂ ಲೇಖನಗಳೂ ಚೀಸ್‌ಗೆ ‘ಗಿಣ್ಣು’ ಎನ್ನುತ್ತವೆ. ಲಾಚ ತಳಿಯ ಕುರಿಯ ಹಸಿಹಾಲಿನಿಂದ ಮಾಡಿ, ಕನಿಷ್ಠ 60 ದಿನ ಮಾಗಿಸುವ ಇದಿಯಸಬಾಲ್ ಚೀಸನ್ನು ಗಿಣ್ಣು ಎಂದು ಕರೆದರೆ ಹಸು ಈದ ಮನೆಯಿಂದ ಬಂದ ಬಟ್ಟಲು ಕಣ್ಣ ಮುಂದೆ ನಿಲ್ಲುತ್ತದೆ. ಬಾಸ್ಕರಲ್ಲಿಯೇ ‘ಮಾಮಿಯಾ’ ಎಂಬ ಇನ್ನೊಂದು ತಿನಿಸಿದೆ: ಕುರಿಯ ಹಾಲನ್ನು ಮರದ ಪಾತ್ರೆಗೆ ಸುರಿದು, ಕೆಂಪಗೆ ಕಾಯಿಸಿದ ಕಲ್ಲನ್ನು ಅದರೊಳಗೆ ಬಿಟ್ಟು, ಆ ಸುಟ್ಟ ವಾಸನೆ ಹಿಡಿದ ಹಾಲಿಗೆ ಹೆಪ್ಪು ಹಾಕಿ ಗಟ್ಟಿ ಮಾಡುವುದು ಹಳೆಯ ಕ್ರಮ. ನಡುಗುವ ಮೈ, ಜೇನು ಹಾಕಿ ತಿನ್ನುವ ರೀತಿ ನೋಡಿದರೆ ಇದಕ್ಕೆ ಗಿಣ್ಣು ಎಂಬ ಪದ ಹೆಚ್ಚು ಒಪ್ಪುತ್ತದೆ, ಆದರೆ ಇದು ಈದ ಹೊಸದರ ಹಾಲಲ್ಲ. ಗಿಣ್ಣುಹಾಲಿಲ್ಲದ ಗಿಣ್ಣನ್ನು ಓದುಗರು ಒಪ್ಪುವರೇ?

ಬೆಟ್ಟದ ಪದಗಳು ತೊಂದರೆ ಕೊಡಲಿಲ್ಲ. ‘ಮೆಂದಿಸಾಲೆ’ಗೆ ‘ಚಾರಣಿಗ’ ಸರಿಯಾಗಿ ಕೂರುತ್ತದೆ. ಅರಾಂತ್ಸಸುವಿನಿಂದ ನಡೆದು ಹೋಗಬಹುದಾದ ಉರ್ಬಿಯಾ ಹುಲ್ಲುಗಾವಲಿನ ಕುರುಬರ ಗುಡಿಸಲುಗಳ ಜಾಗಕ್ಕೆ ‘ಕುರಿಹಟ್ಟಿ’ ಎಂದಿದ್ದೇನೆ.

‘ಬೆರ್ತ್ಸೊಲಾರಿ’ ಎಂದರೆ ಕೊಟ್ಟ ವಿಷಯಕ್ಕೆ, ಗೊತ್ತಾದ ಛಂದಸ್ಸು ಮತ್ತು ಮಟ್ಟಿನಲ್ಲಿ, ನಿಂತ ನಿಲುವಿನಲ್ಲಿಯೇ ಪದ ಕಟ್ಟಿ ಹಾಡುವವರು. 2009ರಲ್ಲಿ ಇವರ ಮಹಾಸ್ಪರ್ಧೆಯನ್ನು ಗೆದ್ದ ಮೊದಲ ಮಹಿಳೆ ಮೈಯಾಲೆನ್ ಲುಹಾನ್‌ಬಿಯೊ. ‘ಆಶುಕವಿ’ ಎಂದರೆ ಹಾಡು ತಪ್ಪಿಹೋಗುತ್ತದೆ. ಹರದೇಶಿ-ನಾಗೇಶಿ ಗಾಯಕರ ಸವಾಲು-ಜವಾಬು ಬಹಳ ಹತ್ತಿರ ಬಂದರೂ ಅಲ್ಲಿ ಪಕ್ಷಗಳು ಮೊದಲೇ ಗೊತ್ತು, ಇಲ್ಲಿ ಆ ಕ್ಷಣದಲ್ಲಿ ಹಂಚಲಾಗುತ್ತದೆ. ವಿಷಯ ಕೊಡುವ ವ್ಯಕ್ತಿಗೆ ಮಾತ್ರ ಅವಧಾನ ಕಲೆಯ ‘ಪೃಚ್ಛಕ’ ಎಂಬ ಪದವನ್ನು ಧೈರ್ಯವಾಗಿ ಬಳಸಿದ್ದೇನೆ.

ಉಳಿದದ್ದು ಹಳ್ಳಿಯ ಕಸುವಿನ ಆಟಗಳು. ಕಲ್ಲೆತ್ತುವವರಿಗೆ ‘ಅರ್ರಿಜಸೊತ್ಸೈಲೆ’ ಎನ್ನುತ್ತಾರೆ. ಲೈತ್ಸಾ ಊರಿನ ಇನ್ಯಾಕಿ ಪೆರುರೆನಾ 300 ಕಿಲೋಗೂ ಹೆಚ್ಚು ತೂಕದ ಕಲ್ಲನ್ನು ಭುಜಕ್ಕೇರಿಸಿದವರು. ನಮ್ಮ ‘ಸಂಗ್ರಾಣಿ ಕಲ್ಲು’ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ‘ಇದಿ ಪ್ರೊಬಾಕ್’ ಎಂಬ ಎತ್ತುಗಳ ಸ್ಪರ್ಧೆಯಲ್ಲಿ ಬಂಡಿಯೇ ಇರುವುದಿಲ್ಲ. ಜೋಡೆತ್ತುಗಳು ಭಾರೀ ಕಲ್ಲನ್ನು ಕಲ್ಲುಹಾಸಿನ ಅಂಗಳದಲ್ಲಿ ನೇರವಾಗಿ ಎಳೆಯುತ್ತವೆ, ಗೊತ್ತಾದ ಹೊತ್ತಿನೊಳಗೆ ಎಷ್ಟು ಸಲ ಅಂಗಳ ದಾಟಿದವು ಎಂದು ಎಣಿಸುತ್ತಾರೆ. ವಿಜಯಪುರ, ಬಾಗಲಕೋಟೆಗಳ ಕಡೆ ಎತ್ತುಗಳು ಬಂಡಿ ಎಳೆಯುವ ಸ್ಪರ್ಧೆಗೆ ಹೇಳುವ ‘ತೆರಬಂಡಿ’ ಎಂಬ ಪದವನ್ನು ಬಂಡಿಯಿಲ್ಲದ ಸ್ಪರ್ಧೆಗೂ ಅಲ್ಲಿನ ಜನ ಬಳಸುತ್ತಾರೆಯೇ, ಅಥವಾ ‘ಕಲ್ಲು ಜಗ್ಗುವ ಸ್ಪರ್ಧೆ’ ಎಂದು ಬೇರೆಯಾಗಿಯೇ ಹೇಳುತ್ತಾರೆಯೇ ಎಂಬುದನ್ನು ಆ ಭಾಗದ ಮಿತ್ರರು ದಯವಿಟ್ಟು ತಿಳಿಸಬೇಕು.