ವೈಂಡಿಂಗ್ ಅಂಗಡಿಯಿಂದ ಬಂದವನು ಆರ್‌ವಿ (ಚಕ್ರದ ಮೇಲಿನ ಮನೆ) ರಿಪೇರಿಗೆ ಇಳೀಬಹುದಾ?

ದಾವಣಗೆರೆ_ವೈಂಡಿಂಗ್

ಎಲ್ರಿಗೂ ನಮಸ್ಕಾರ. ನಾನಿರೋದು ವಾರ್ಸಾದಲ್ಲಿ, ಪೋಲೆಂಡಿನದ್ದಲ್ಲ, ಇಂಡಿಯಾನಾದ್ದು, ಮಂಡಿ ಸೊಂಟಕ್ಕೆ ಹಾಕೋ ಕೃತಕ ಕೀಲು ತಯಾರಾಗೋ ಊರು, ಹೆಂಡ್ತಿಗೆ ಅಲ್ಲೇ ಕೆಲಸ. ನಂದು ಎಚ್4, ಅಂದ್ರೆ ಹೆಂಡ್ತಿ ವೀಸಾ ಜೊತೆ ಗಂಡಂಗೆ ಸಿಗೋ ವೀಸಾ, ಕೆಲಸ ಮಾಡಕ್ಕೆ ಅನುಮತಿ ಕೊಡೋ ಈಎಡಿ ಕಾರ್ಡು ಹೋದ ತಿಂಗಳು ಕೈಗೆ ಬಂತು. ಓದಿದ್ದು ಡಿಪ್ಲೊಮಾ ಎಲೆಕ್ಟ್ರಿಕಲ್, ಆದ್ರೆ ಕಲಿತಿದ್ದೆಲ್ಲ ಅಪ್ಪನ ವೈಂಡಿಂಗ್ ಅಂಗಡೀಲಿ, ಬೋರ್‌ವೆಲ್ ಮೋಟರ್, ಸ್ಟಾರ್ಟರ್, ಮಿಕ್ಸಿ, ಹಿಟ್ಟಿನ ಗಿರಣಿ, ಬಂದಿದ್ದನ್ನೆಲ್ಲ ಬಿಚ್ಚಿ ಕಟ್ಟಿದೀನಿ. ಎರಡು ವರ್ಷ ಮನೇಲಿ ಕೂತು ಸಾಕಾಗಿದೆ, ಸಿಕ್ಕೋರೆಲ್ಲ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮಾಡು ಅಂತಾರೆ, ನಂಗೆ ಲ್ಯಾಪ್‌ಟಾಪ್ ಮುಂದೆ ಅರ್ಧ ಗಂಟೆ ಕೂತ್ರೆ ಕಣ್ಣು ಎಳೆಯುತ್ತೆ.

ಆರ್‌ವಿ ತಯಾರಾಗೋ ಎಲ್ಕ್‌ಹಾರ್ಟ್ ಇಲ್ಲಿಂದ ಒಂದು ಗಂಟೆ ದಾರಿ, ಆ ಕಡೆ ಹೋದ್ರೆ ರಸ್ತೆ ಎರಡೂ ಪಕ್ಕ ಬರೀ ಟ್ರೈಲರ್, ಮೋಟರ್‌ಹೋಮ್. ಒಂದು ಡೀಲರ್ ಹತ್ರ ಸರ್ವಿಸ್ ಟೆಕ್ನಿಶಿಯನ್ ಬೇಕಾಗಿದಾರೆ ಅಂತ ಬೋರ್ಡು ನೋಡ್ದೆ. ಈ ಕೆಲಸ ಮಾಡ್ತಿರೋರು ಯಾರಾದ್ರೂ ಇದೀರಾ? ಕಾರ್ ಮೆಕ್ಯಾನಿಕ್ ಕೆಲಸ ನಂಗೆ ಬರಲ್ಲ, ಎಂಜಿನ್ ಮುಟ್ಟಿಲ್ಲ. ಸಂಬಳ ಹೆಂಗೆ, ಕೋರ್ಸ್ ಮೊದಲೇ ಮಾಡ್ಬೇಕಾ? ಇನ್ನೊಂದು ವಿಷ್ಯ, ಊರಲ್ಲಿ ಅಮ್ಮ ಕೇಳಿದ್ರೆ ಏನಂತ ಹೇಳೋದು, ಅಮೆರಿಕಕ್ಕೆ ಹೋಗಿ ಗ್ಯಾರೇಜ್ ಸೇರ್ದ ಅಂತಾರೆ 😅

ಎಲ್ಕ್‌ಹಾರ್ಟ್_ಹುಡ್ಗ

ಗುರು, ನಾನು ಇದೇ ಕೆಲಸ ಆರು ವರ್ಷದಿಂದ ಮಾಡ್ತಿದೀನಿ, ಎಂಜಿನ್ ಬರಲ್ಲ ಅನ್ನೋ ಚಿಂತೆ ಮೊದ್ಲು ಬಿಡು. ಇಲ್ಲಿ ಬರೋ ಗಾಡಿಗಳಲ್ಲಿ ಮುಕ್ಕಾಲು ಪಾಲಿಗೆ ಎಂಜಿನ್ನೇ ಇಲ್ಲ, ಪಿಕಪ್ ಹಿಂದೆ ಎಳ್ಕೊಂಡು ಹೋಗೋ ಟ್ರೈಲರ್ ಅವು. ಎಂಜಿನ್ ಇರೋ ಮೋಟರ್‌ಹೋಮ್ ಬಂದ್ರೂ ಎಂಜಿನ್ ಕೆಲಸ ಟ್ರಕ್ ಅಂಗಡಿಗೆ ಕಳಿಸ್ತೀವಿ. ನಾವು ಮಾಡೋದು ಮನೆ ರಿಪೇರಿ ಅಂದ್ಕೋ, ಗಂಟೆಗೆ 65 ಮೈಲಿ ವೇಗದಲ್ಲಿ ಅಲುಗಾಡೋ ಮನೆ. ಪ್ಲಂಬಿಂಗ್, ಗ್ಯಾಸ್, ಎಸಿ, ಫ್ರಿಜ್, ಸೂರು, ಬಾಗಿಲು ಹಿಂಜ್ ತನಕ ಎಲ್ಲ ನಿನ್ನ ತಲೆಗೇ.

ಇದರಲ್ಲಿ ಅರ್ಧ ತೊಂದ್ರೆ ನೀರಿಂದ. ಸೂರಿನ ಮೇಲೆ ರಬ್ಬರ್ ಹಾಳೆ ಇರುತ್ತೆ, ಕೊಳವೆ, ಫ್ಯಾನು, ಎಸಿ ಎಲ್ಲೆಲ್ಲಿ ಸೂರು ತೂರಿ ಬಂದಿದೆಯೋ ಅಲ್ಲೆಲ್ಲ ಸುತ್ತ ಸೀಲೆಂಟ್ ಬಳಿದಿರ್ತಾರೆ, ಅದು ಬಿಸಿಲಿಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತೆ, ಓನರ್ ಮೇಲೆ ಹತ್ತಿ ನೋಡಲ್ಲ. ಎರಡು ಮಳೆಗಾಲ ಕಳೆದ ಮೇಲೆ ಬೆಡ್‌ರೂಮ್ ಮೂಲೇಲಿ ಒಂದು ಸಣ್ಣ ಕಲೆ ಇದೆ ನೋಡಿ ಅಂತ ತರ್ತಾರೆ. ಹೆಬ್ಬೆಟ್ಟಲ್ಲಿ ಒತ್ತಿದ್ರೆ ಗೋಡೆ ನೆನೆದ ರಸ್ಕ್ ಥರ ಒಳಗೆ ಹೋಗುತ್ತೆ. ಆಗ ಓನರ್ ಮುಖ ನೋಡಕ್ಕಾಗಲ್ಲ.

ಸಂಬಳದ ಬಗ್ಗೆ ಮುಚ್ಚಿಡದೆ ಹೇಳ್ತೀನಿ. ಶುರುವಲ್ಲಿ ನಂಗೆ ಗಂಟೆಗೆ 18 ಡಾಲರ್ ಕೊಟ್ರು, ಆಮೇಲೆ ಫ್ಲಾಟ್ ರೇಟ್‌ಗೆ ಹಾಕಿದ್ರು, ಅಂದ್ರೆ ಈ ಕೆಲಸಕ್ಕೆ ಇಷ್ಟು ಗಂಟೆ ಅಂತ ಪುಸ್ತಕದಲ್ಲಿ ಬರೆದಿರುತ್ತೆ, ಬೇಗ ಮುಗಿಸಿದ್ರೆ ನಿಂಗೆ ಲಾಭ, ತಡ ಆದ್ರೆ ನಿನ್ನ ಜೇಬಿಗೇ ಕತ್ತರಿ. ವಾರಂಟಿ ಕೆಲಸದಲ್ಲಿ ಈ ಲೆಕ್ಕ ಪೂರ್ತಿ ಉಲ್ಟಾ ಹೊಡೆಯುತ್ತೆ. ನಾನು ಮೊದಲಿದ್ದ ಡೀಲರ್ ಹತ್ರ ಒಂದು ಸ್ಲೈಡ್‌ಔಟ್ (ರೂಮಿನ ಭಾಗ ಹೊರಗೆ ಜಾರಿಸೋದು) ಮೋಟರ್ ತೊಂದ್ರೆ ಹುಡುಕಕ್ಕೆ ನಾಲ್ಕು ಗಂಟೆ ಹೋಯ್ತು, ಕೊಟ್ಟಿದ್ದು ಮುಕ್ಕಾಲು ಗಂಟೆ ದುಡ್ಡು. ಕೇಳಿದ್ರೆ ಹುಡುಕೋಕೆ ದುಡ್ಡಿಲ್ಲ, ಬದಲಾಯ್ಸಕ್ಕೆ ಮಾತ್ರ ಅಂದ್ರು. ಇಂಟರ್‌ವ್ಯೂಗೆ ಹೋದ್ರೆ ಇದೊಂದನ್ನ ನೇರ ಕೇಳು, ಡಯಾಗ್ನೋಸಿಸ್ ಟೈಮ್‌ಗೆ ದುಡ್ಡು ಕೊಡ್ತೀರಾ ಇಲ್ವಾ ಅಂತ. ತಡವರಿಸಿದ್ರೆ ಅಲ್ಲಿಂದ ಎದ್ದು ಬಾ.

ಕೋರ್ಸ್ ಇಲ್ಲೇ ಎಲ್ಕ್‌ಹಾರ್ಟಲ್ಲೇ ಇದೆ, ಆರ್‌ವಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಅಂತ, ಲೆವೆಲ್ ಲೆವೆಲ್ ಆಗಿ ಸರ್ಟಿಫಿಕೇಟ್ ಕೊಡ್ತಾರೆ. ಟೆಕ್ಸಾಸ್‌ನ ಏಥೆನ್ಸಲ್ಲಿ ಇನ್ನೊಂದು ಸ್ಕೂಲ್ ಇದೆ, ಅಲ್ಲಿಗೆ ಹೋಗೋದು ಜಾಸ್ತಿ ಸ್ವಂತ ಮಾಡೋ ಯೋಚನೆ ಇರೋರು. ಕೈಯಿಂದ ದುಡ್ಡು ಹಾಕ್ಬೇಡ, ಸೇರಿದ ಮೇಲೆ ಡೀಲರೇ ಕಳಿಸ್ತಾನಾ ಕೇಳು. ಮತ್ತೆ ಫ್ಯಾಕ್ಟರಿ ಕೆಲಸಕ್ಕೂ ರಿಪೇರಿಗೂ ಗೊಂದಲ ಮಾಡ್ಕೋಬೇಡ, ಫ್ಯಾಕ್ಟರೀಲಿ ದುಡ್ಡು ಜಾಸ್ತಿ ಕಾಣುತ್ತೆ, ಮಾರ್ಕೆಟ್ ಬಿದ್ರೆ ಮೊದ್ಲು ಮನೆಗೆ ಕಳಿಸೋದೂ ಅವ್ರನ್ನೇ. 2009ರಲ್ಲಿ ಈ ಊರಿನ ನಿರುದ್ಯೋಗ ನೋಡಿ ಒಬಾಮಾನೇ ಬಂದು ಭಾಷಣ ಮಾಡಿ ಹೋಗಿದ್ರು. ಜನ ಹೊಸದು ತಗೊಳ್ದೆ ಇದ್ರೂ ಹಳೇದು ಸೋರೋದು ನಿಲ್ಲಲ್ಲ.

ಮರಳುಗಾಡಲ್ಲಿ_ಮಂಡ್ಯ

ಮೇಲಿನವ್ರು ಎಲ್ಲ ಸರಿಯಾಗೇ ಹೇಳಿದಾರೆ. ನಾನು ಅರಿಜೋನಾದಲ್ಲಿ ಸ್ವಂತ ವ್ಯಾನ್ ಇಟ್ಕೊಂಡು ಗಾಡಿ ಇರೋ ಕಡೆಗೇ ಹೋಗಿ ಆರ್‌ವಿ ರಿಪೇರಿ ಮಾಡ್ತೀನಿ, ಚಳಿಗಾಲದಲ್ಲಿ ಕ್ವಾರ್ಟ್ಜ್‌ಸೈಟ್ ಸುತ್ತ ಮರುಭೂಮೀಲಿ ಜಾತ್ರೆ ಸೇರ್ದಂಗೆ ಆರ್‌ವಿ ಸೇರುತ್ತೆ, ಉತ್ತರದ ಹಿಮ ತಪ್ಪಿಸ್ಕೊಂಡು ಬಂದ ಅಜ್ಜ ಅಜ್ಜಿಯರು, ಉಸಿರಾಡಕ್ಕೆ ಪುರುಸೊತ್ತಿರಲ್ಲ. ಬೇಸಿಗೇಲಿ ನೊಣ ಹೊಡೀತಾ ಕೂರ್ತೀನಿ.

ನೀವು ಊರಲ್ಲಿ ಎಲೆಕ್ಟ್ರಿಕಲ್ ಮಾಡಿದೋರು ಅಂದಿದ್ದಕ್ಕೆ ಒಂದೇ ಒಂದು ಮಾತು ದಪ್ಪಕ್ಷರದಲ್ಲಿ ಬರ್ಕೊಳ್ಳಿ: ಕಪ್ಪು ವೈರ್ ನಂಬಬೇಡಿ. ನಮ್ಮ ಕಡೆ ಕಪ್ಪು ಅಂದ್ರೆ ನ್ಯೂಟ್ರಲ್ ಅಂತ ಕೈಗೆ ಅಭ್ಯಾಸ ಆಗಿರುತ್ತೆ ಅಲ್ವಾ, ಇಲ್ಲಿ 120 ವೋಲ್ಟಲ್ಲಿ ಕಪ್ಪೇ ಫೇಸು, ಬಿಳಿ ನ್ಯೂಟ್ರಲ್. ಬಂದ ಹೊಸದ್ರಲ್ಲಿ ನಾನು ಮಾತಾಡ್ತಾ ಮಾತಾಡ್ತಾ ಕಪ್ಪು ಹಿಡ್ಕೊಂಡು ಒದೆ ತಿಂದಿದೀನಿ. ಇನ್ನೂ ಮಜಾ ಏನಂದ್ರೆ ಅದೇ ಗಾಡೀಲಿ 12 ವೋಲ್ಟ್ ಬ್ಯಾಟರಿ ಕಡೆ ಬಂದ್ರೆ ಎಷ್ಟೋ ಟ್ರೈಲರಲ್ಲಿ ಕಪ್ಪು ಅಂದ್ರೆ ಪ್ಲಸ್ಸು, ಬಿಳಿ ಮೈನಸ್ಸು. ಓನರ್‌ಗಳು ಕಾರ್ ಲೆಕ್ಕದಲ್ಲಿ ಕಪ್ಪನ್ನ ಮೈನಸ್‌ಗೆ ಹಾಕಿ 120 ವೋಲ್ಟನ್ನ 12 ವೋಲ್ಟ್ ಮಾಡೋ ಕನ್ವರ್ಟರಿನ ರಿವರ್ಸ್ ಪೋಲಾರಿಟಿ ಫ್ಯೂಸ್ ಸುಟ್ಕೊಂಡು ಫೋನ್ ಮಾಡ್ತಾರೆ. ನಂಗೆ ಅದು ಹತ್ತು ನಿಮಿಷದ ಕೆಲಸ, ಬೈಕೋಬಾರ್ದು 🙂

ಇನ್ನೊಂದು, 30 ಆಂಪ್ ಪ್ಲಗ್ಗು. ಆರ್‌ವಿಯ 30 ಆಂಪ್ ಅಂದ್ರೆ 120 ವೋಲ್ಟೇ. ಮನೆ ಎಲೆಕ್ಟ್ರಿಶಿಯನ್‌ಗೆ 30 ಆಂಪ್ ಅಂದ ತಕ್ಷಣ ಬಟ್ಟೆ ಒಣಗಿಸೋ ಡ್ರೈಯರ್ ನೆನಪಾಗಿ 240 ಕೊಟ್ಟು ಬಿಡ್ತಾನೆ. ಹೋದ ವರ್ಷ ಒಬ್ಬ ರಿಟೈರ್ಡ್ ಮೇಷ್ಟ್ರು ಹೊಸ ಟ್ರೈಲರ್ ತಂದು ಮನೆ ಪಕ್ಕ ಹೊಸ ಔಟ್‌ಲೆಟ್‌ಗೆ ಚುಚ್ಚಿದ್ರು, ನಾನು ಹೋಗೋಷ್ಟ್ರಲ್ಲಿ ಮೈಕ್ರೋವೇವ್, ಕನ್ವರ್ಟರ್, ಫ್ರಿಜ್ ಬೋರ್ಡ್ ಎಲ್ಲ ಹೋಗಿತ್ತು, ಒಳಗೆ ಸುಟ್ಟ ವಾರ್ನಿಷ್ ವಾಸನೆ, ನಿಮ್ಮ ವೈಂಡಿಂಗ್ ಅಂಗಡಿ ವಾಸನೆನೇ. ಎಲ್ಲಿಗೆ ಹೋದ್ರೂ ಗಾಡಿ ಮುಟ್ಟೋಕೆ ಮುಂಚೆ ಅದಕ್ಕೆ ಕರೆಂಟ್ ಕೊಡೋ ಕಂಬದ ಔಟ್‌ಲೆಟ್‌ಗೆ ಮೀಟರ್ ಇಡಿ.

ಗ್ಯಾಸ್ ಬಗ್ಗೆ ಹೆದರಬೇಡಿ ಆದ್ರೆ ಸೋಪು ನೀರು ಗುಳ್ಳೆ ನೋಡಿ ಆಯ್ತು ಅನ್ನೋ ಊರಿನ ಪದ್ಧತಿ ಒಂದೇ ಸಾಲಲ್ಲ, ಒತ್ತಡ ಅಳೆಯೋ ಮ್ಯಾನೋಮೀಟರ್ ಹಾಕಿ ಪ್ರೆಶರ್ 11 ಇಂಚು ವಾಟರ್ ಕಾಲಮ್ ಇದೆಯಾ, ಮುಚ್ಚಿಟ್ರೆ ಇಳೀತಿದೆಯಾ ನೋಡ್ಲೇಬೇಕು. ಗೀಸರ್ ಹತ್ಕೊಳ್ತಿಲ್ಲ ಅಂತ ಕರೆದ್ರೆ ಬೋರ್ಡ್ ಬದಲಾಯ್ಸೋ ಮೊದ್ಲು ಬರ್ನರ್ ಕೊಳವೆ ಒಳಗೆ ಟಾರ್ಚ್ ಬಿಡಿ, ಎಷ್ಟೋ ಸಲ ಜೇಡ ಬಲೆ ಕಟ್ಟಿರುತ್ತೆ ಅಷ್ಟೇ.

ಗಾಂಧಿನಗರ_ಜನರೇಟರ್

ಬೆಂಗಳೂರಿಂದ ಒಂದು ಮಾತು. ನಾನು ಶೂಟಿಂಗ್ ಕ್ಯಾರವಾನ್ ಗಾಡಿಗಳ ಮೇಂಟೆನೆನ್ಸ್ ನೋಡ್ಕೊಳ್ತೀನಿ. ನಮ್ದು ಬಸ್ ಚಾಸಿ ಮೇಲೆ ಕಟ್ಟಿರೋದು, ಒಳಗೆ ಮನೆಗೆ ಹಾಕೋ ಸ್ಪ್ಲಿಟ್ ಎಸಿನೇ, ರಸ್ತೆ ಹೊಂಡಕ್ಕೆ ಕಾಪರ್ ಪೈಪ್ ನಟ್ ಸಡಿಲ ಆಗಿ ಗ್ಯಾಸ್ ಹೋಗಿರುತ್ತೆ, ಹೀರೋ ಬಂದು ಕೂತ ಮೇಲೇ ಗೊತ್ತಾಗೋದು. ಅಣ್ಣ, ಅಮ್ಮಂಗೆ ಹೇಳಿ, ಕ್ಯಾರವಾನ್ ಎಂಜಿನಿಯರ್ ಅಂತ. ನಮ್ಮತ್ತೆಗೆ ನಾನೂ ಹಂಗೇ ಹೇಳಿರೋದು, ಸಿನಿಮಾದವ್ರು ಅಂತ ಮರ್ಯಾದೆ ಕೊಡ್ತಾರೆ 😂

ಎಲ್ಕ್‌ಹಾರ್ಟ್_ಹುಡ್ಗ

@ಗಾಂಧಿನಗರ ಹೀರೋ ಬಾತ್‌ರೂಮ್ ಟ್ಯಾಂಕ್ ಖಾಲಿ ಮಾಡೋದೂ ನೀವೇನಾ? ಯಾಕಂದ್ರೆ ವೈಂಡಿಂಗ್ ಅಣ್ಣಂಗೆ ಟಾಯ್ಲೆಟ್ ಗಲೀಜು ಸೇರೋ ಬ್ಲ್ಯಾಕ್ ಟ್ಯಾಂಕ್ ವಿಷ್ಯ ಯಾರೂ ಹೇಳಿಲ್ಲ. ಜನ ಡ್ರೈನ್ ವಾಲ್ವ್ ಸದಾ ತೆಗೆದಿಟ್ಟಿರ್ತಾರೆ, ನೀರು ಮಾತ್ರ ಹರಿದು ಹೋಗಿ ಮಿಕ್ಕಿದ್ದು ಗೋಪುರ ಕಟ್ಟುತ್ತೆ. ಹೊಸಬ ಸೇರಿದ್ರೆ ಮೊದಲ ವಾರ ಅದೇ ಕೆಲಸ ಕೊಡ್ತಾರೆ, ಗಟ್ಟಿ ಇದಾನಾ ನೋಡಕ್ಕೆ.

ದಾವಣಗೆರೆ_ವೈಂಡಿಂಗ್

ಎಲ್ರಿಗೂ ಥ್ಯಾಂಕ್ಸ್. ಮಂಗಳವಾರ ಹೋಗಿದ್ದೆ. ಸರ್ವಿಸ್ ಮ್ಯಾನೇಜರ್ ರೆಸ್ಯೂಮೆ ನೋಡ್ಲೇ ಇಲ್ಲ, ಸೀದಾ ಒಂದು ಟ್ರೈಲರ್ ಹತ್ರ ಕರ್ಕೊಂಡು ಹೋಗಿ ಒಳಗೆ ಲೈಟ್ ಬರ್ತಿಲ್ಲ ಯಾಕೆ ನೋಡು ಅಂದ್ರು. ಮೀಟರ್ ಇಟ್ರೆ ಬ್ಯಾಟರೀಲಿ 12.6 ಇದೆ, ಫ್ಯೂಸ್ ಪ್ಯಾನೆಲ್‌ಗೆ ಬಂದ್ರೆ 7, ಅದೂ ಕುಣೀತಿದೆ. ಮಂಡ್ಯ ಸರ್ ಹೇಳಿದ್ದಕ್ಕೆ ಬಣ್ಣ ನಂಬ್ದೆ ಒಂದೊಂದೇ ವೈರ್ ಹಿಡಿದು ಹೋದೆ, ಕೆಳಗೆ ಚಾಸಿಗೆ ಕಟ್ಟಿದ್ದ ಅರ್ತಿಂಗ್ ಬೋಲ್ಟ್ ತುಕ್ಕು ಹಿಡಿದು ಹುಡಿ ಉದುರ್ತಿತ್ತು, ಉಜ್ಜಿ ಬಿಗಿ ಮಾಡ್ದೆ, ಲೈಟ್ ಬಂತು. ಬೋರ್‌ವೆಲ್ ಪ್ಯಾನೆಲಲ್ಲಿ ಲೂಸ್ ಕನೆಕ್ಷನ್ ಹುಡುಕಿದ್ದು ಎಷ್ಟು ಸಲವೋ, ಅದೇ ಕಥೆ ಇಲ್ಲೂ.

ಡಯಾಗ್ನೋಸಿಸ್ ದುಡ್ಡಿನ ವಿಷ್ಯ ಕೇಳ್ದೆ, ನಕ್ಕು ಮೊದಲ 90 ದಿನ ಗಂಟೆ ಲೆಕ್ಕ, 19 ಡಾಲರ್, ಆಮೇಲೆ ಮಾತಾಡೋಣ ಅಂದ್ರು. ಇದು ತಡವರಿಸಿದ ಲೆಕ್ಕನಾ? ಸೋಮವಾರ ಬಾ ಅಂದಿದಾರೆ, ಟೂಲ್ಸ್ ನಂದೇ ತರ್ಬೇಕಂತೆ. ಮೊದ್ಲು ಏನೇನು ತಗೊಳ್ಲಿ?

ಎಲ್ಕ್‌ಹಾರ್ಟ್_ಹುಡ್ಗ

ಅರ್ಧ ತಡವರಿಸಿದ ಲೆಕ್ಕ 😄 ಹೋಗು, ಆದ್ರೆ 90 ದಿನ ದಿನಾ ಎಷ್ಟು ಹೊತ್ತು ಹುಡುಕಕ್ಕೆ ಹೋಯ್ತು ಅಂತ ಒಂದು ಪುಸ್ತಕದಲ್ಲಿ ಬರೆದಿಡು, ಆಮೇಲೆ ಮಾತಾಡಕ್ಕೆ ಕೈಯಲ್ಲಿ ಲೆಕ್ಕ ಇರುತ್ತೆ. ಟೂಲ್ಸ್ ಒಂದೇ ಸಲ ಸಾಲ ಮಾಡಿ ತಗೋಬೇಡ, ಅಂಗಡಿ ಬಾಗಿಲಿಗೇ ಟೂಲ್ ಟ್ರಕ್ ಬಂದು ವಾರದ ಕಂತಲ್ಲಿ ಕೊಡ್ತೀನಿ ಅಂತಾನೆ, ಅಲ್ಲಿ ಮುಳುಗಿದೋರು ತುಂಬ ಜನ. ಡಿಸಿ ಆಂಪ್ಸ್ ಅಳೆಯೋ ಕ್ಲ್ಯಾಂಪ್ ಮೀಟರ್, ಒಂದು ಕಾರ್ಡ್‌ಲೆಸ್ ಡ್ರೈವರ್, ಚೌಕ ಬಾಯಿ ಸ್ಕ್ರೂಗೆ ನಂಬರ್ 2 ಸ್ಕ್ವೇರ್ ಬಿಟ್ ಒಂದು ಡಬ್ಬಿ, ಈ ಗಾಡಿಗಳಲ್ಲೆಲ್ಲ ಅವೇ ಸ್ಕ್ರೂ. ಮತ್ತೆ ಮಂಡಿಗೆ ಹಾಕೋ ಪ್ಯಾಡ್ ತಗೋ, ಇಲ್ಲಾಂದ್ರೆ ನಿನ್ನ ಹೆಂಡ್ತಿ ಕಂಪನಿಗೆ ನೀನೇ ಗಿರಾಕಿ.