ಮಕ್ಕಳ ಮನೋವಿಜ್ಞಾನದಲ್ಲಿ ಸಂಶೋಧನೆಯ ಕೆಲಸ: ದಾವಣಗೆರೆ, ಚಿತ್ರದುರ್ಗದವರ ಅನುಭವ

ಕೇಳಿದ್ದು:

ನಮಸ್ಕಾರ. ನಮ್ಮದು ದಾವಣಗೆರೆ, ವಿದ್ಯಾನಗರ. ಧಾರವಾಡದಲ್ಲಿ ಸೈಕಾಲಜಿ ಎಂ.ಎ. ಮುಗಿಸಿ ಊರಿಗೆ ಬಂದು ಆರು ತಿಂಗಳಾಯಿತು. ಚಿಕ್ಕ ಮಕ್ಕಳು ಹೇಗೆ ಕಲಿಯುತ್ತಾರೆ, ಹೇಗೆ ಯೋಚಿಸುತ್ತಾರೆ ಅನ್ನುವುದರ ಮೇಲೆ ಸಂಶೋಧನೆ ಮಾಡುವ ಆಸೆ. ಮನೆಯಲ್ಲಿ ಬಿ.ಎಡ್. ಮಾಡು ಅನ್ನುತ್ತಾರೆ. ಬೆಂಗಳೂರಲ್ಲಿ ನನಗೆ ಯಾರೂ ಗೊತ್ತಿಲ್ಲ. ರಿಸರ್ಚ್ ಅಸಿಸ್ಟೆಂಟ್ ಕೆಲಸ ಎಲ್ಲಿ ಹುಡುಕಬೇಕು? ಯೂನಿವರ್ಸಿಟಿಗಳಲ್ಲಿ ನಡೆಯುವ ಸೆಮಿನಾರ್‌ಗಳಿಗೆ ಹೋದರೆ ಉಪಯೋಗ ಇದೆಯಾ? ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1 (ದಾವಣಗೆರೆಯವರು, ಈಗ ಬೆಂಗಳೂರು):

ನಾನೂ ದಾವಣಗೆರೆಯವಳೇ. ಮಕ್ಕಳ ಬೆಳವಣಿಗೆಯ ಅಧ್ಯಯನಗಳಲ್ಲಿ ಕೆಲಸ ಮಾಡುತ್ತಾ ಒಂಬತ್ತು ವರ್ಷ ಆಯಿತು. ನೀವು ಈಗ ಎಲ್ಲಿ ನಿಂತಿದ್ದೀರೋ ನಾನೂ ಅಲ್ಲೇ ನಿಂತಿದ್ದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

‘ಡೆವಲಪ್‌ಮೆಂಟಲ್ ಸೈಕಾಲಜಿ’ ಅಂತ ಹೆಸರು ಹಾಕಿ ನಮ್ಮ ಕಡೆ ಕೆಲಸಕ್ಕೆ ಕರೆಯುವುದು ಬಹಳ ಕಡಿಮೆ. ಅದೇ ಪದ ಹಿಡಿದು ಹುಡುಕಿ ನಾನು ಆರು ತಿಂಗಳು ಕಳೆದೆ. ಕೆಲಸ ಇರುತ್ತದೆ, ಆದರೆ ಬೇರೆ ಹೆಸರಿನಲ್ಲಿ ಇರುತ್ತದೆ. ಮಕ್ಕಳ ಪೌಷ್ಟಿಕತೆ, ಅವಧಿಗೆ ಮುಂಚೆ ಹುಟ್ಟಿದ ಕೂಸುಗಳು, ಆಟಿಸಂ, ಓದಲು ಕಲಿಯುವುದು, ಬಾಣಂತಿಯರ ಮಾನಸಿಕ ಆರೋಗ್ಯ. ಇಂಥ ಪ್ರಾಜೆಕ್ಟ್‌ಗಳಲ್ಲೆಲ್ಲ ಮಗುವಿನ ಮುಂದೆ ಕೂತು ಪರೀಕ್ಷೆ ಮಾಡುವವರು ಒಬ್ಬರು ಬೇಕೇ ಬೇಕು. ಆ ಹುದ್ದೆಗೆ ಪ್ರಾಜೆಕ್ಟ್ ಅಸಿಸ್ಟೆಂಟ್ ಅಂತಲೋ ಫೀಲ್ಡ್ ಇನ್ವೆಸ್ಟಿಗೇಟರ್ ಅಂತಲೋ ಹೆಸರಿರುತ್ತದೆ.

ಬೆಂಗಳೂರಲ್ಲಿ ನಿಮ್ಹಾನ್ಸ್ ವೆಬ್‌ಸೈಟಿನ ನೇಮಕಾತಿ ಪುಟವನ್ನು ವಾರಕ್ಕೊಮ್ಮೆ ನೋಡಿ. ಪ್ರಾಜೆಕ್ಟ್ ಹುದ್ದೆಗಳನ್ನು ಅಲ್ಲೇ ಹಾಕುತ್ತಾರೆ. ಸೇಂಟ್ ಜಾನ್ಸ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕಡೆಯೂ ಕಣ್ಣಿಡಿ. ಬೆಂಗಳೂರೊಂದೇ ಅಂತ ತಿಳಿಯಬೇಡಿ, ಮೈಸೂರನ್ನು ಮರೆಯಬೇಡಿ. ಅಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಒಂದು ಅಧ್ಯಯನ ಶುರುವಾಯಿತು. ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಒಂಬತ್ತು-ಹತ್ತು ವರ್ಷದಲ್ಲಿ ಅವರ ನೆನಪು, ಗಮನ, ಭಾಷೆಯನ್ನೂ ಅಳೆದರು. ಮಧುಮೇಹ, ಹೃದಯದ ಕಾಯಿಲೆ ನೋಡಲು ಶುರುವಾದ ಕೆಲಸದೊಳಗೆ ಮಕ್ಕಳ ಮನೋವಿಜ್ಞಾನ ಹೀಗೆ ಸೇರಿಕೊಂಡಿತು ನೋಡಿ. (ನಮ್ಮ ರಾಜ್ಯದಲ್ಲಿ ಈ ವಿಷಯ ಬೇರು ಬಿಟ್ಟಿದ್ದೇ ಮೈಸೂರಿನಲ್ಲಿ. ಮಹಾರಾಜ ಕಾಲೇಜಿನ ಮನೋವಿಜ್ಞಾನ ವಿಭಾಗ 1924ರಷ್ಟು ಹಳೆಯದು.)

ಇನ್ನು ನನಗೆ ಕೆಲಸ ಸಿಕ್ಕ ಬಗೆ. ಒಂದೇ ಬಯೋಡೇಟಾವನ್ನು ನಲವತ್ತು ಕಡೆ ಕಳಿಸಿದ್ದೆ. ಒಂದಕ್ಕೂ ಉತ್ತರ ಬರಲಿಲ್ಲ. ಆಮೇಲೆ ಹರಿಹರದ ಹತ್ತಿರ ಒಂದು ಅಂಗನವಾಡಿಯಲ್ಲಿ ನಾಲ್ಕು ತಿಂಗಳು, ವಾರಕ್ಕೆ ಮೂರು ದಿನ, ಮಕ್ಕಳ ಜೊತೆ ಕೂತೆ. ಸಂಬಳ ಇಲ್ಲ. ದಿನಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಯಾವ ಮಗು ಯಾರ ಜೊತೆ ಆಡಿತು, ಜಗಳ ಹೇಗೆ ಮುಗಿಯಿತು, ‘ನಂದು’ ಅನ್ನುವ ಮಾತು ಎಷ್ಟು ಸಲ ಬಂತು, ಇಷ್ಟೇ. ಬಯೋಡೇಟಾದಲ್ಲಿ ಅದನ್ನು ಎರಡು ಸಾಲು ಸೇರಿಸಿದೆ. ಮುಂದಿನ ಇಂಟರ್‌ವ್ಯೂನಲ್ಲಿ ಅರ್ಧ ಗಂಟೆ ಆ ನೋಟ್‌ಬುಕ್ ಬಗ್ಗೆಯೇ ಕೇಳಿದರು. ಮಾರ್ಕ್ಸ್ ಕಾರ್ಡ್ ತೆರೆಯಲೂ ಇಲ್ಲ.

ನಮ್ಮ ಕನ್ನಡವೂ ಒಂದು ವಿದ್ಯೆ ಅಂತ ನನಗೆ ಅರ್ಥವಾಗಿದ್ದು ಮೊದಲ ಕೆಲಸದಲ್ಲಿ. ಮಕ್ಕಳಿಗೆ ಒಂದು ಬೊಂಬೆ ಕಥೆ ತೋರಿಸುವ ಪರೀಕ್ಷೆ ಇತ್ತು, ನೀವು ಓದಿರುತ್ತೀರಿ. ಇನ್ನೊಬ್ಬರು ತಪ್ಪಾಗಿ ತಿಳಿದುಕೊಂಡಿರಬಹುದು ಅನ್ನುವುದು ಮಗುವಿಗೆ ಅರ್ಥವಾಗುತ್ತದಾ ಅಂತ ನೋಡುವ ಪರೀಕ್ಷೆ. ಗೌರಿ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಲಕ್ಷ್ಮಿ ಅದನ್ನು ತೆಗೆದು ಡಬ್ಬಿಯಲ್ಲಿಡುತ್ತಾಳೆ. ಗೌರಿ ವಾಪಸ್ ಬರುತ್ತಾಳೆ. ನಮಗೆ ಕೊಟ್ಟ ಅನುವಾದದಲ್ಲಿ ಪ್ರಶ್ನೆ ಹೀಗಿತ್ತು: “ಗೋಲಿ ಎಲ್ಲಿದೆ ಎಂದು ಗೌರಿ ಯೋಚಿಸುತ್ತಾಳೆ?” ಮಕ್ಕಳು ಸುಮ್ನೆ ನನ್ನ ಮುಖ ನೋಡುತ್ತಿದ್ದವು. ಪೂರ್ವಸಿದ್ಧತೆಯ ಸುತ್ತಿನಲ್ಲಿ ನಾನು “ಗೌರಿ ಗೋಲಿ ಎಲ್ಲೈತೆ ಅಂದ್ಕೊಂಡಾಳೆ?” ಅಂತ ಕೇಳಿದೆ. ನಾಲ್ಕೂವರೆ ವರ್ಷದ ಹುಡುಗಿ ಬುಟ್ಟಿಯನ್ನು ಮುಟ್ಟಿ ತೋರಿಸಿ, “ಪಾಪ, ಅಕೀಗೆ ಗೊತ್ತಿಲ್ಲ” ಅಂದಳು.

‘ಅಂದುಕೊಳ್ಳುವುದು’ ಅಂದರೆ ತಪ್ಪಿರಬಹುದು ಅನ್ನುವ ಸುಳಿವು ಅದರೊಳಗೇ ಇದೆ, ಅಲ್ವಾ? ‘ಯೋಚಿಸುವುದು’ ಅನ್ನುವುದರಲ್ಲಿ ಆ ಸುಳಿವಿಲ್ಲ. ಹಾಗಂತ ನಮಗೆ ತೋಚಿದಂತೆ ಪ್ರಶ್ನೆ ಬದಲಿಸುವ ಹಾಗೂ ಇಲ್ಲ. ಸುಳಿವು ಜಾಸ್ತಿಯಾದರೆ ಪರೀಕ್ಷೆಯೇ ಸುಲಭವಾಗಿಬಿಡುತ್ತದೆ. ಆ ಮಾತನ್ನು ತಂಡದ ಮುಂದಿಟ್ಟು, ಚರ್ಚೆಯಾಗಿ, ಕೊನೆಗೆ ಎಲ್ಲ ಮಕ್ಕಳಿಗೂ ಒಂದೇ ವಾಕ್ಯ ಅಂತ ತೀರ್ಮಾನವಾಯಿತು. ಆ ಚರ್ಚೆಯಲ್ಲಿ ನನ್ನ ಮಾತಿಗೆ ತೂಕ ಬಂದಿದ್ದು ನಾನು ದಾವಣಗೆರೆಯವಳು ಅನ್ನುವ ಕಾರಣಕ್ಕೆ. ನಿಮ್ಮ ಅರ್ಜಿಯಲ್ಲಿ “ಕನ್ನಡ ಓದಲು, ಬರೆಯಲು ಬರುತ್ತದೆ” ಅಂತ ಬರೆದು ಬಿಡಬೇಡಿ. ನಮ್ಮ ಜಿಲ್ಲೆಯ ಮಕ್ಕಳ ಜೊತೆ ಅವರ ಮಾತಿನಲ್ಲೇ ಮಾತಾಡಬಲ್ಲೆ ಅಂತ ಬರೆಯಿರಿ.

ಒಂದು ಎಚ್ಚರಿಕೆ. ಇವೆಲ್ಲ ಗುತ್ತಿಗೆ ಕೆಲಸ, ಬಹಳಷ್ಟು ಕಡೆ ಒಂದೊಂದು ವರ್ಷದ ಲೆಕ್ಕ. ಸೇರುವ ಮುಂಚೆ ಅನುದಾನ ಯಾವಾಗ ಮುಗಿಯುತ್ತದೆ ಅಂತ ಕೇಳಿ. ಹಾಗೆ ಕೇಳುವುದು ಅಗೌರವ ಅಲ್ಲ. ನಾನು ಕೇಳದೆ ಸೇರಿದ ಒಂದು ಕಡೆ ನಾಲ್ಕು ತಿಂಗಳು ಸಂಬಳ ನಿಂತಿತು. ಪಿ.ಜಿ. ಬಾಡಿಗೆಗೆ ಅಪ್ಪನ ಹತ್ತಿರ ಕೈ ಚಾಚಬೇಕಾಯಿತು. ಅರ್ಜಿಗೆ, ತರಬೇತಿಗೆ ಅಂತ ದುಡ್ಡು ಕೇಳುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.

ಉತ್ತರ 2 (ಚಿತ್ರದುರ್ಗದಿಂದ):

ಮೇಡಂ ಹೇಳಿದ್ದಕ್ಕೆ ನಮ್ಮ ಕಡೆಯದು ಒಂದಿಷ್ಟು ಸೇರಿಸುತ್ತೇನೆ. ನಾನು ಚಳ್ಳಕೆರೆ, ಮೊಳಕಾಲ್ಮುರು ಕಡೆ ಮಕ್ಕಳ ಓದಿನ ಸಮೀಕ್ಷೆಗಳಲ್ಲಿ ಕೆಲಸ ಮಾಡಿದವನು. ಸೈಕಾಲಜಿ ಓದಿದ್ದು ಬಿ.ಎ.ಯಲ್ಲಿ ಮಾತ್ರ.

ಹೊಸಬರಿಗೆ ಅಸರ್, ಅಂದರೆ ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಸಮೀಕ್ಷೆ, ಒಳ್ಳೆಯ ಪಾಠಶಾಲೆ. 2005ರಿಂದ ನಡೆಯುತ್ತಿದೆ. ಸ್ಥಳೀಯ ಸಂಸ್ಥೆಗಳು, ಕಾಲೇಜುಗಳ ಮೂಲಕ ಸ್ವಯಂಸೇವಕರನ್ನು ತೆಗೆದುಕೊಂಡು ತರಬೇತಿ ಕೊಡುತ್ತಾರೆ. ಮನೆ ಮನೆಗೆ ಹೋಗಿ ಮಗುವಿಗೆ ಅಕ್ಷರ, ಪದ, ಒಂದನೇ ಕ್ಲಾಸಿನ ಮಟ್ಟದ ನಾಲ್ಕು ಸಾಲು, ಎರಡನೇ ಕ್ಲಾಸಿನ ಮಟ್ಟದ ಕಥೆ ಓದಿಸುವುದು. ನೋಡಲು ಸುಲಭ. ಆದರೆ ಕಟ್ಟೆಯ ಮೇಲೆ ಕೂತ ಮಗುವಿನ ಸುತ್ತ ಹತ್ತು ಜನ ನಿಂತು “ಓದೋ, ಓದೋ” ಅನ್ನುವಾಗ ಮಗು ಗಾಬರಿಯಾಗದಂತೆ ನೋಡಿಕೊಳ್ಳುವುದು ಪುಸ್ತಕದಿಂದ ಬರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಪಾಠ ಸಿಗುತ್ತದೆ. ಆಂಧ್ರದ ಗಡಿಯ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ತಾಂಡಾಗಳಲ್ಲಿ ಲಂಬಾಣಿ. ಶಾಲೆ ಕನ್ನಡ. ಒಂದು ಪದಸಂಪತ್ತಿನ ಪರೀಕ್ಷೆಯಲ್ಲಿ ಕೊಡೆಯ ಚಿತ್ರ ಇತ್ತು. ಉತ್ತರ ಪಟ್ಟಿಯಲ್ಲಿ ‘ಕೊಡೆ’ ಒಂದೇ. ನಮ್ಮ ಮಕ್ಕಳು ‘ಛತ್ರಿ’ ಅನ್ನುತ್ತಿದ್ದರು. ತಾಂಡಾದ ಒಬ್ಬ ಹುಡುಗ ಬಾಯಿಬಿಡದೆ, ಎರಡೂ ಕೈ ತಲೆಯ ಮೇಲೆ ಹಿಡಿದು ಮಳೆ ಬರುವಂತೆ ಬೆರಳು ಆಡಿಸಿದ. ಅವನಿಗೆ ವಸ್ತು ಗೊತ್ತು, ಆ ಪದ ಮಾತ್ರ ಗೊತ್ತಿಲ್ಲ. ನಿಯಮದ ಪ್ರಕಾರ ಸೊನ್ನೆ ಹಾಕಲೇಬೇಕಿತ್ತು, ಹಾಕಿದೆ. ಆದರೆ ಪಕ್ಕದ ಕಾಲಂನಲ್ಲಿ ಅವನು ಏನು ಮಾಡಿದ ಅಂತ ಪೂರ್ತಿ ಬರೆದೆ. ಆಮೇಲೆ ಮೇಲಿನವರು ಉತ್ತರ ಪಟ್ಟಿಯನ್ನೇ ತಿದ್ದಿದರು. ದಯವಿಟ್ಟು ಆ ಕಾಲಂ ಖಾಲಿ ಬಿಡಬೇಡಿ.

ಒಪ್ಪಿಗೆ ಪತ್ರದ ವಿಷಯದಲ್ಲೂ ಅವಸರ ಬೇಡ. ತಂದೆ ತಾಯಿ ಸಹಿ ಹಾಕಿದರೆ ಮುಗಿಯಲಿಲ್ಲ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ನೈತಿಕ ಮಾರ್ಗಸೂಚಿ ಪ್ರಕಾರ ಏಳರಿಂದ ಹನ್ನೆರಡು ವರ್ಷದ ಮಗುವಿನಿಂದ ಬಾಯಿಮಾತಿನ ಒಪ್ಪಿಗೆ, ಅದಕ್ಕಿಂತ ದೊಡ್ಡವರಿಂದ ಹದಿನೆಂಟರವರೆಗೆ ಬರಹದ ಒಪ್ಪಿಗೆ ಬೇಕು. ಇಂಟರ್‌ವ್ಯೂನಲ್ಲಿ ಇದನ್ನು ಕೇಳುತ್ತಾರೆ.

ಉತ್ತರ 3 (ದಾವಣಗೆರೆ, ಮಕ್ಕಳ ಪುನರ್ವಸತಿ ಕ್ಷೇತ್ರ):

ಊರು ಬಿಡುವ ಮುಂಚೆ ಊರಲ್ಲಿ ಇರುವುದನ್ನು ನೋಡಿ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಿ.ಆರ್.ಸಿ. ಇದೆ, ಅಂಗವಿಕಲರಿಗಾಗಿ ಇರುವ ಪುನರ್ವಸತಿ ಕೇಂದ್ರ. ಬಾಪೂಜಿ ಮಕ್ಕಳ ಆಸ್ಪತ್ರೆ ಇದೆ. ಇಂಟರ್ನ್‌ಶಿಪ್ ಇದೆಯಾ ಅಂತ ಖುದ್ದಾಗಿ ಹೋಗಿ ಕೇಳಿ. ಮೇಲ್ ಕಳಿಸಿ ಕಾಯಬೇಡಿ.

ಪರೀಕ್ಷಾ ಸಾಮಗ್ರಿಗಳನ್ನು ಕೈಯಲ್ಲಿ ಹಿಡಿದು ಕಲಿಯಿರಿ. ಮಗುವಿನ ಬೆಳವಣಿಗೆ ನೋಡುವ, ಮೈಸೂರಿನ ಭರತ್ ರಾಜ್ ಅವರ ಡಿ.ಎಸ್.ಟಿ., ಸಾಮಾಜಿಕ ಪಕ್ವತೆ ಅಳೆಯಲು ಮಾಲಿನ್ ಭಾರತಕ್ಕೆ ಒಗ್ಗಿಸಿದ ವೈನ್‌ಲ್ಯಾಂಡ್, ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಕಾಮತ್ ಅವರು ಸಿದ್ಧಪಡಿಸಿದ ಬುದ್ಧಿಮತ್ತೆ ಪರೀಕ್ಷೆ ಬಿನೆ-ಕಾಮತ್. ಸೆಗ್ವಿನ್ ಫಾರಂ ಬೋರ್ಡಿನಲ್ಲಿ ಹತ್ತು ಮರದ ಆಕಾರಗಳನ್ನು ಮಗು ಅವುಗಳ ಗುಳಿಗಳಲ್ಲಿ ಕೂರಿಸಬೇಕು, ಮೂರು ಸರದಿ, ಅತಿ ಕಡಿಮೆ ಸಮಯ ಲೆಕ್ಕಕ್ಕೆ. ಸ್ಟಾಪ್‌ವಾಚ್ ಒತ್ತುವಾಗ ಕಣ್ಣು ಮಗುವಿನ ಕೈ ಮೇಲೆ ಇರಬೇಕು. ಇದು ಅಭ್ಯಾಸದಿಂದಲೇ ಬರುವುದು.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊಂದಲ. ಸಂಶೋಧನಾ ಸಹಾಯಕರ ಬಹುತೇಕ ಹುದ್ದೆಗಳಿಗೆ ಎಂ.ಎ. ಸಾಕು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿಕೊಂಡು ರೋಗಿಗಳನ್ನು ನೋಡಲು ಆರ್.ಸಿ.ಐ., ಅಂದರೆ ಭಾರತೀಯ ಪುನರ್ವಸತಿ ಮಂಡಳಿಯ, ನೋಂದಣಿ ಬೇಕು. ನಾಲ್ಕು ಪರೀಕ್ಷೆ ಕಲಿತ ಮಾತ್ರಕ್ಕೆ ಪಕ್ಕದ ಮನೆಯ ಮಗುವಿನ ಐಕ್ಯೂ ಹೇಳಬೇಡಿ. ಆ ಸಂಖ್ಯೆ ಆ ಮನೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಉತ್ತರ 4 (ಪಿಎಚ್.ಡಿ. ವಿದ್ಯಾರ್ಥಿ, ಹೊಳಲ್ಕೆರೆಯವರು):

ಸೆಮಿನಾರ್ ಬಗ್ಗೆ ಕೇಳಿದ್ದಿರಿ. ಸರ್ಟಿಫಿಕೇಟ್‌ಗಾಗಿ ಹೋದರೆ ಪ್ರಯೋಜನ ಇಲ್ಲ. ನನ್ನ ಹತ್ತಿರ ಹದಿನೆಂಟು ಇವೆ, ಯಾರೂ ಒಂದನ್ನೂ ಕೇಳಲಿಲ್ಲ. ನನ್ನ ಗೈಡ್ ಸಿಕ್ಕಿದ್ದು ಒಂದು ಉಪನ್ಯಾಸದ ನಂತರ. ಅವರು ತೋರಿಸಿದ ವಿಡಿಯೋದಲ್ಲಿ ಅಜ್ಜಿಯ ತೊಡೆಯ ಮೇಲೆ ಕೂತ ಮಗು ಇತ್ತು. “ಅಜ್ಜಿ ಬದಲು ಅಮ್ಮ ಇದ್ದಿದ್ದರೆ ಲೆಕ್ಕ ಬೇರೆ ಬರುತ್ತಿತ್ತಾ?” ಅಂತ ಕೇಳಿದೆ. ಅವತ್ತು ರಾತ್ರಿಯೇ ಮೂರು ಸಾಲಿನ ಮೇಲ್ ಹಾಕಿದೆ. ಹೋಗುವ ಮುಂಚೆ ಮಾತಾಡುವವರ ಒಂದು ಪ್ರಬಂಧ ಓದಿಕೊಂಡು ಹೋಗಿ, ಅಷ್ಟೇ ಗುಟ್ಟು.

ಬಸ್ ಚಾರ್ಜ್ ಇಲ್ಲದೆ ಆಗುವುದೂ ಇದೆ. ನಿಮ್ಹಾನ್ಸ್‌ನ ‘ಸಂವಾದ್’ ತಂಡ ಮಕ್ಕಳ ಮಾನಸಿಕ ಆರೋಗ್ಯದ ಮೇಲೆ ಆನ್‌ಲೈನ್ ತರಬೇತಿ ನಡೆಸುತ್ತದೆ. ‘ಯಂಗ್ ಲೈವ್ಸ್’ ಅಧ್ಯಯನ 2002ರ ಹೊತ್ತಿನಿಂದ ನಾಲ್ಕು ದೇಶಗಳ ಸುಮಾರು 12,000 ಮಕ್ಕಳನ್ನು ಹಿಂಬಾಲಿಸುತ್ತಿದೆ. ಭಾರತದ ಮಕ್ಕಳು ಆಂಧ್ರ, ತೆಲಂಗಾಣದವರು. ಅದರ ದತ್ತಾಂಶ ಸಂಶೋಧಕರಿಗೆ ಉಚಿತ. ಅಂಕಿಅಂಶ ಲೆಕ್ಕ ಹಾಕುವ ಸಾಫ್ಟ್‌ವೇರ್ ‘ಜಮೋವಿ’ ಹಾಕಿಕೊಂಡು ಒಂದೇ ಒಂದು ಪ್ರಶ್ನೆಗೆ ಉತ್ತರ ಹುಡುಕಿ, ಎರಡು ಪುಟ ಬರೆಯಿರಿ. ವಿಡಿಯೋ ಗುರುತು ಹಾಕಲು ‘ಎಲಾನ್’ ಸಾಫ್ಟ್‌ವೇರ್ ಕಲಿಯಿರಿ, ಅದೂ ಉಚಿತ. ಮಗುವಿನ ಕಣ್ಣು ಯಾವ ಕ್ಷಣ ಎತ್ತ ಹೋಯಿತು ಅಂತ ಗುರುತು ಹಾಕುವ ಕೆಲಸಕ್ಕೆ ಲ್ಯಾಬ್‌ಗಳಲ್ಲಿ ಯಾವಾಗಲೂ ಜನ ಬೇಕು.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ. ಅಕ್ಕಾ, ಇನ್ನೆರಡು ಕೇಳಲೇ? ನನಗೆ ಈಗ 26. ನೆಟ್ ಬರೆಯಲು ತಡವಾಯಿತಾ? ಅಂಗನವಾಡಿಗೆ ಸುಮ್ನೆ ಹೋಗಿ ಕೂರಬಹುದಾ?

ಉತ್ತರ 1ರವರು ಮತ್ತೆ:

ತಡವಾಗಿಲ್ಲ ತಂಗಿ. ನೆಟ್‌ನಲ್ಲಿ ಸಿಗುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30, ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲಿಕೆ ಇದೆ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸರದಿ. 2023ರಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ಮನೆಯವರ ಮುಂದೆ ಈ ಸಂಖ್ಯೆ ಹೇಳಿ, ಅವರಿಗೂ ಧೈರ್ಯ ಬರುತ್ತದೆ. ನಮ್ಮ ಅಪ್ಪ ಒಪ್ಪಿದ್ದು ಹಾಗೇ. ಬಿ.ಎಡ್. ಕೆಟ್ಟದ್ದಲ್ಲ, ಆದರೆ ನಿಮ್ಮ ಆಸೆ ಇದಾದರೆ ಒಂದು ವರ್ಷ ಇದಕ್ಕೇ ಕೊಡಿ ಅಂತ ನನ್ನ ಅಭಿಪ್ರಾಯ.

ಅಂಗನವಾಡಿಗೆ ಸುಮ್ನೆ ಹೋಗುವ ಹಾಗಿಲ್ಲ. ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ ಆಫೀಸಿಗೆ ಹೋಗಿ ಅನುಮತಿ ಕೇಳಬೇಕು. ನಿಮ್ಮ ಕಾಲೇಜಿನ ಲೆಟರ್‌ಹೆಡ್ ಮೇಲೆ ಒಂದು ಪತ್ರ ತರಿಸಿಕೊಳ್ಳಿ. ಎಷ್ಟು ದಿನ, ಯಾವ ಹೊತ್ತು, ಏನು ಮಾಡುತ್ತೀರಿ, ಫೋಟೋ ವಿಡಿಯೋ ತೆಗೆಯುವುದಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿರಲಿ. ಅನುಮತಿ ಸಿಕ್ಕ ಮೇಲೆ ಅಂಗನವಾಡಿ ಟೀಚರ್ ಹತ್ತಿರ ಬೇರೆಯಾಗಿ ಮಾತಾಡಿ. ಅವರ ರಿಜಿಸ್ಟರ್ ಕೆಲಸವೇ ಅವರಿಗೆ ಬೆಟ್ಟದಷ್ಟು ಇರುತ್ತದೆ, ನೀವು ಹೊರೆಯಾಗಬಾರದು. ಮೊದಲ ವಾರ ಪೆನ್ನು ತೆಗೆಯಬೇಡಿ. ಊಟ ಬಡಿಸಿ, ಕೈ ತೊಳೆಸಿ, ನೆಲದ ಮೇಲೆ ಕೂತುಕೊಳ್ಳಿ. ಮಕ್ಕಳು ನಿಮ್ಮನ್ನು ನೋಡುವುದು ಬಿಟ್ಟು ತಮ್ಮ ಪಾಡಿಗೆ ಆಡಲು ಶುರು ಮಾಡಿದ ದಿನ ನೋಟ್‌ಬುಕ್ ತೆರೆಯಿರಿ.