ಕಲಬುರಗಿಯ ಬಿಸಿಲಿಗೆ ಒಗ್ಗುವ ಹೂಗಿಡಗಳು ಮತ್ತು ಅಡವಿಯ ಗಿಡಗಳು ಯಾವುವು?

ಪ್ರಶ್ನೆ: ಹಿತ್ತಲ ಮಲ್ಲಿಗೆ, ಕಲಬುರಗಿ

ಎಲ್ಲರಿಗೂ ಶರಣು.

ನಮ್ಮ ಮನೆ ಕಲಬುರಗಿಯ ಹೊರವಲಯದ ಹೊಸ ಬಡಾವಣೆಯಲ್ಲಿದೆ. ಮುಂದೆ ಹತ್ತು ಅಡಿ ಅಗಲದ ಎರೆ ಮಣ್ಣಿನ ಅಂಗಳವಿದೆ. ಹಿಂದೆ ಶಹಾಬಾದ್ ಕಲ್ಲು ಹಾಸಿದ ಹಿತ್ತಲಿನಲ್ಲಿ ಕುಂಡಗಳನ್ನು ಇಟ್ಟಿದ್ದೇವೆ. ಹೋಳಿ ಹುಣ್ಣಿಮೆ ಕಳೆಯುತ್ತಿದ್ದಂತೆ ಅಂಗಳದ ನೆಲ ಬಾಯಿ ಬಿಡತೊಡಗುತ್ತದೆ, ನರ್ಸರಿಯಿಂದ ತಂದ ಗುಲಾಬಿಗಳು ಏಪ್ರಿಲ್ ಮುಗಿಯುವಷ್ಟರಲ್ಲಿ ಒಣಗಿ ಕಡ್ಡಿಯಾಗುತ್ತವೆ. ಆದರೆ ಚಿಂಚೋಳಿಯ ಹಾದಿ ಹಿಡಿದರೆ ಹೋಳಿಯ ಆಸುಪಾಸಿನಲ್ಲಿ ಮುತ್ತುಗವು ಒಂದು ಎಲೆಯೂ ಇಲ್ಲದೆ ಮೈತುಂಬ ಕೆಂಪು ಹೂ ಹೊತ್ತು ನಿಂತಿರುತ್ತದೆ, ಮೇ ತಿಂಗಳಲ್ಲಿ ಕಕ್ಕೆಯ ಹಳದಿ ಗೊಂಚಲುಗಳು ಜೋತಾಡುತ್ತಿರುತ್ತವೆ, ಬದುವಿನ ತಂಗಡಿಯಂತೂ ಯಾರ ನೀರಿನ ಹಂಗೂ ಇಲ್ಲದೆ ಅರಳುತ್ತದೆ. ಅಡವಿಯ ಗಿಡಗಳಿಗೆ ಹಬ್ಬವಾಗಿರುವ ಈ ಕಾಲ ಮನೆಯ ಗಿಡಗಳಿಗೆ ಮಾತ್ರ ಏಕೆ ಕಂಟಕವಾಗಬೇಕು ಎಂಬುದು ನನ್ನ ಪ್ರಶ್ನೆ. ಬೇಸಿಗೆಯಲ್ಲಿಯೇ ಅಂಗಳ ಚೆಂದ ಕಾಣುವಂತೆ ಯಾವ ಗಿಡಗಳನ್ನು ಬೆಳೆಸಬಹುದು? ಅಡವಿಯಿಂದ ಸಸಿಗಳನ್ನು ಕಿತ್ತು ತಂದು ನೆಟ್ಟರೆ ಬದುಕುತ್ತವೆಯೇ?

ಇನ್ನೊಂದು ಮಾತು. ಕುಂಡದಲ್ಲಿರುವ ದುಂಡು ಮಲ್ಲಿಗೆಯ ಚಿಗುರೆಲೆಗಳು ಹಳದಿಯಾಗುತ್ತಿವೆ, ಎಲೆಯ ನರಗಳು ಮಾತ್ರ ಹಸಿರಾಗಿವೆ. ಗೊಬ್ಬರ ಹಾಕಿದರೂ ಗುಣ ಕಾಣುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಎರೆ ಹೊಲ, ಸೇಡಂ

ಶರಣು ಅಕ್ಕಾವರೆ. ಮೊದಲು ಮಲ್ಲಿಗೆಯ ವಿಷಯ ಹೇಳುತ್ತೇನೆ, ಏಕೆಂದರೆ ಬೇಸಿಗೆಯಲ್ಲಿ ಅದಕ್ಕಿಂತ ದೊಡ್ಡ ಸುಖ ನಮ್ಮ ಭಾಗದ ಅಂಗಳಗಳಲ್ಲಿ ಇಲ್ಲವೆಂದೇ ನನ್ನ ನಂಬಿಕೆ. ಗೊಬ್ಬರದ ಕೊರತೆಯಾಗಿದ್ದರೆ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಚಿಗುರು ಹಳದಿಯಾಗಿ ನರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಸೇಡಂ, ಶಹಾಬಾದ್ ಸುತ್ತಲಿನದು ಸುಣ್ಣಕಲ್ಲಿನ ನಾಡು. ಇಲ್ಲಿನ ಮಣ್ಣಿನಲ್ಲಿಯೂ ಬೋರ್‌ವೆಲ್ ನೀರಿನಲ್ಲಿಯೂ ಸುಣ್ಣದ ಅಂಶ ಹೆಚ್ಚಾಗಿರುವುದರಿಂದ, ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರು ಅದನ್ನು ಹೀರಿಕೊಳ್ಳಲಾರದು. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಕರಗಿಸಿ, ಸ್ವಲ್ಪ ನಿಂಬೆರಸ ಹಿಂಡಿ, ಬಿಸಿಲು ಇಳಿದ ಮೇಲೆ ಎಲೆಗಳಿಗೆ ಸಿಂಪಡಿಸಿರಿ. ವಾರ, ಹತ್ತು ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸಿದರೆ ಹೊಸ ಚಿಗುರು ಹಸಿರಾಗಿ ಬರುತ್ತದೆ. ಅನ್ನಭೇದಿಯ ಕಲೆ ಬಟ್ಟೆಯಿಂದಲೂ ಕಲ್ಲಿನಿಂದಲೂ ಸುಲಭವಾಗಿ ಹೋಗುವುದಿಲ್ಲವಾದ್ದರಿಂದ ಕುಂಡವನ್ನು ಮಣ್ಣಿನ ಕಡೆಗೆ ಒಯ್ದು ಸಿಂಪಡಿಸುವುದು ಒಳ್ಳೆಯದು.

ಮಲ್ಲಿಗೆ ಬಿಸಿಲಿಗೆ ಅಂಜುವ ಗಿಡವಲ್ಲ. ನೆರಳಿನಲ್ಲಿಟ್ಟರೆ ಬಳ್ಳಿ ಬೆಳೆಯುತ್ತದೆಯೇ ಹೊರತು ಮೊಗ್ಗು ಬರುವುದಿಲ್ಲ. ಡಿಸೆಂಬರ್ ಅಥವಾ ಜನವರಿಯಲ್ಲಿ ಕೆಲವು ದಿನ ನೀರು ಕಡಿಮೆ ಮಾಡಿ, ಗಿಡವನ್ನು ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿ, ನಂತರ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಆರಂಭಿಸಿದರೆ ಮಾರ್ಚ್‌ನಿಂದ ಮೊಗ್ಗು ಹಿಡಿಯುತ್ತದೆ. ಮಧ್ಯಾಹ್ನ ಗೋಧಿಕಾಳಿನಷ್ಟು ಬಿಗಿಯಾಗಿ ತೋರುವ ಮೊಗ್ಗಿನ ಪಕ್ಕದಲ್ಲಿಯೇ ಅಂದಿನ ಸಂಜೆ ಅರಳಬೇಕಾದ ಮೊಗ್ಗು ದುಂಡಗೆ, ಹಾಲಿನಂತೆ ಬೆಳ್ಳಗೆ ತುಂಬಿಕೊಂಡಿರುತ್ತದೆ. ಅದನ್ನು ನಾಲ್ಕು ಗಂಟೆಯ ಹೊತ್ತಿಗೆ ಬಿಡಿಸಿಕೊಂಡರೆ ಮಾಲೆ ಕಟ್ಟಿ ಮುಗಿಸುವಷ್ಟರಲ್ಲಿ ಬಿರಿಯತೊಡಗುತ್ತದೆ.

ಕುಂಡಗಳು ಸಾಯುವುದಕ್ಕೆ ಬಹುಪಾಲು ಕಾರಣ ಮೇಲಿನ ಬಿಸಿಲಲ್ಲ, ಕೆಳಗಿನ ಕಲ್ಲು. ಶಹಾಬಾದ್ ಕಲ್ಲು ಹಗಲೆಲ್ಲ ಕಾದು, ಆ ಕಾವನ್ನು ರಾತ್ರಿಯವರೆಗೂ ಬಿಡುವುದಿಲ್ಲ. ಅದಕ್ಕೆ ತಾಗಿದ ಕುಂಡದೊಳಗೆ ಬೇರು ಬೇಯುತ್ತದೆ. ಪ್ರತಿ ಕುಂಡದ ಕೆಳಗೆ ಎರಡು ಇಟ್ಟಿಗೆ ಇಟ್ಟು ಗಾಳಿಯಾಡಲು ಬಿಡಿ, ಕುಂಡಗಳನ್ನು ಒತ್ತೊತ್ತಾಗಿ ಜೋಡಿಸಿ. ಅಂಗಳದ ಎರೆ ಮಣ್ಣಿನ ವಿಷಯಕ್ಕೆ ಬಂದರೆ, ಬಿರುಕು ಬಿಟ್ಟ ನೆಲಕ್ಕೆ ಎಷ್ಟು ಕೊಡ ನೀರು ಹಾಕಿದರೂ ಅದು ಬಿರುಕಿನೊಳಗಿಂದ ಪಾತಾಳಕ್ಕೆ ಹೋಗುತ್ತದೆ. ಬಿಳಿಜೋಳದ ಹೊಲದಲ್ಲಿ ಎಡೆ ಹೊಡೆದು ಬಿರುಕು ಮುಚ್ಚುವಂತೆಯೇ, ಗಿಡದ ಬುಡದ ಮಣ್ಣನ್ನು ಕಳೆ ತೆಗೆಯುವ ಕುರ್ಚಿಗೆಯಿಂದ ಎರಡು ಬೆರಳು ಆಳಕ್ಕೆ ಸಡಿಲಿಸಿ ಪುಡಿ ಮಾಡಿ, ಅದರ ಮೇಲೆ ತೊಗರಿ ಹೊಟ್ಟನ್ನು ದಪ್ಪಗೆ ಹರಡಿರಿ. ತೊಗರಿಯ ಕಣಜದಲ್ಲಿ ಕುಳಿತು ಅಂಗಡಿಯಿಂದ ತೆಂಗಿನ ನಾರಿನ ಪುಡಿ ಕೊಂಡು ತರುವುದು ನನಗಂತೂ ಅರ್ಥವಾಗದ ಸಂಗತಿ.

ಉತ್ತರ 2: ಕೋಟೆಯ ಕಕ್ಕೆ, ಬೀದರ

ಸೇಡಂನವರು ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದು ಏನೂ ಇಲ್ಲ. ನಾನು ಅಡವಿಯ ಗಿಡಗಳ ಬಗ್ಗೆ ಬರೆಯುತ್ತೇನೆ.

ಚಿಂಚೋಳಿಯ ಕಾಡಿನಿಂದ ದಯವಿಟ್ಟು ಏನನ್ನೂ ಕಿತ್ತು ತರಬೇಡಿ. ಅದು 2011ರಲ್ಲಿ ಘೋಷಿತವಾದ ವನ್ಯಜೀವಿಧಾಮ. ಅಲ್ಲಿಂದ ಸಸಿ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವಾಗುತ್ತದೆ. ಕಾನೂನಿನ ಮಾತು ಹಾಗಿರಲಿ, ಕಿತ್ತು ತಂದ ಸಸಿ ಬದುಕುವುದೂ ಅಪರೂಪ. ಈ ಗಿಡಗಳು ಬೇಸಿಗೆಯಲ್ಲಿ ಅರಳುವುದು ಆಳಕ್ಕಿಳಿದ ಬೇರಿನ ಬಲದಿಂದ. ಮೊಳಕಾಲುದ್ದದ ಸಸಿಯ ತಾಯಿಬೇರು ಅದಕ್ಕಿಂತ ಆಳಕ್ಕೆ ಹೋಗಿರುತ್ತದೆ. ಕೀಳುವಾಗ ತುಂಡಾಗುವುದೇ ಅದು. ಎಲೆ ಉದುರಿಸಿ ನೀರಿನ ಖರ್ಚು ನಿಲ್ಲಿಸಿಕೊಂಡು ಹೂ ಬಿಡುವುದು, ಮಳೆಗಾಲದ ಹೊಸ್ತಿಲಲ್ಲಿ ಬೀಜ ಬಲಿಯುವಂತೆ ನೋಡಿಕೊಳ್ಳುವುದು ಮುತ್ತುಗದ ರೀತಿ. ನರ್ಸರಿಯ ಗುಲಾಬಿಗೆ ಆ ಲೆಕ್ಕಾಚಾರ ಗೊತ್ತಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದೇ.

ಆದ್ದರಿಂದ ರಸ್ತೆಬದಿಯ, ಹೊಲದ ಬದುವಿನ ಮರಗಳಿಂದ ಬೀಜ ತನ್ನಿರಿ, ಬದುವಿನ ಒಡೆಯರನ್ನು ಒಂದು ಮಾತು ಕೇಳಿರಿ. ಮುತ್ತುಗ ನಿಮ್ಮ ಅಂಗಳಕ್ಕೆ ದೊಡ್ಡದಾಯಿತು. ಅದು ಬೆಳೆಯುವುದೂ ನಿಧಾನ. ಗೋಡೆಯಿಂದ ದೂರದಲ್ಲಿ ಒಂದು ಕಕ್ಕೆಗೆ ಜಾಗವಿದ್ದರೆ ಸಾಕು. ಅದರ ಉದ್ದನೆಯ ಕಪ್ಪು ಕಾಯಿಯನ್ನು ಒಡೆದು, ಬೀಜವನ್ನು ಒರಟು ಕಲ್ಲಿಗೆ ಉಜ್ಜಿ, ಬಿಸಿ ನೀರಿನಲ್ಲಿ ಒಂದು ರಾತ್ರಿ ನೆನೆಸದಿದ್ದರೆ ಮೊಳಕೆ ಬಹಳ ತಡವಾಗುತ್ತದೆ. ಹೂ ಕಾಣಲು ಕೆಲವು ವರ್ಷ ಕಾಯಬೇಕು. ಕಾಯುವ ತಾಳ್ಮೆ ಇಲ್ಲದವರಿಗೆ ತಂಗಡಿ ಇದೆ: ಸೊಂಟದೆತ್ತರದ ಪೊದೆ, ಆಡು ಸಹ ಬಾಯಿ ಹಾಕದ ಎಲೆ, ಕೆಟ್ಟ ಮಣ್ಣಿನಲ್ಲಿಯೂ ಹೂ. ಹಿಂದೆ ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಈಗ ಯಾರೂ ತಿರುಗಿ ನೋಡುವುದಿಲ್ಲ.

ನನ್ನನ್ನು ಕೇಳಿದರೆ ನೀವು ಮೊದಲು ಹಾಕಬೇಕಾದದ್ದು ಕವಳಿ. ಬೇಲಿಗೆ ಮುಳ್ಳು ಬೇಕು ಎನ್ನುವವರಿಗೆ ಮುಳ್ಳು, ಮಾರ್ಚ್‌ನಲ್ಲಿ ಮಲ್ಲಿಗೆಯ ಜಾತಿಯೇನೋ ಎನಿಸುವ ಬಿಳಿ ಹೂ, ಮೇ ಕೊನೆಯಲ್ಲಿ ಕಪ್ಪಾಗುವ ಹಣ್ಣು. ಕಾಯಿ ಇದ್ದಾಗ ತೊಟ್ಟಿನಿಂದ ಹಾಲು ಒಸರುತ್ತದೆ, ಆಗ ಅದು ಉಪ್ಪಿನಕಾಯಿಗೆ ಲಾಯಕ್ಕು. ಪೂರ್ತಿ ಕಪ್ಪಾದ ಮೇಲೆ ತಿಂದರೆ ಹುಳಿಯ ಹಿಂದೆಯೇ ಸಿಹಿ ಬರುತ್ತದೆ, ನಾಲಿಗೆ, ತುಟಿ ಎರಡೂ ಅಂಟಂಟಾಗುತ್ತವೆ. ಬೀಜವನ್ನು ಒಣಗಿಸಿ ಇಡಬೇಡಿ, ಹಣ್ಣು ತಿಂದ ಹಾಗೆಯೇ ತೊಳೆದು ಬಿತ್ತಿರಿ.

ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ಹಸಿರಾಗಿರುವುದೆಲ್ಲ ನಮ್ಮ ಅಡವಿಯ ಗಿಡವಲ್ಲ. ಬಳ್ಳಾರಿ ಜಾಲಿ ಅಮೆರಿಕದ ಕಡೆಯಿಂದ ಬಂದು ನಮ್ಮ ಹಳ್ಳದ ದಂಡೆಗಳನ್ನೆಲ್ಲ ನುಂಗಿದೆ. ಅದರ ಸಸಿ ಅಂಗಳದಲ್ಲಿ ಕಂಡರೆ ಅಂದೇ ಬೇರುಸಹಿತ ಕಿತ್ತುಹಾಕಿ. ಗುಲ್‌ಮೊಹರ್ ಕೂಡ ಮಡಗಾಸ್ಕರದ್ದೇ, ಆದರೆ ಮೇ ತಿಂಗಳ ಅದರ ಬಣ್ಣ ನೋಡಿದ ಮೇಲೆ ಜಗಳ ತೆಗೆಯಲು ಮನಸ್ಸು ಬರುವುದಿಲ್ಲ.

ಉತ್ತರ 3: ಮಸಾರಿ, ಶಹಾಪುರ (ಯಾದಗಿರಿ ಜಿಲ್ಲೆ)

ಇಬ್ಬರೂ ಹೂವಿನ ಮಾತು ಆಡಿದರು, ಊಟದ ಮಾತು ಯಾರೂ ಆಡಲಿಲ್ಲ. ಬಚ್ಚಲ ನೀರು ಹರಿಯುವ ಕಡೆ ತಾನಾಗಿಯೇ ಹಬ್ಬುವ ಗೋಣಿ ಪಲ್ಯವನ್ನು ಕಳೆ ಎಂದು ಕಿತ್ತು ಎಸೆಯಬೇಡಿ. ಬೇರೆ ಪಲ್ಯಗಳು ಮಾರುಕಟ್ಟೆಗೆ ಬರುವಷ್ಟರಲ್ಲಿ ಬಾಡಿರುವ ಈ ತಿಂಗಳುಗಳಲ್ಲಿ ಅದು ದಪ್ಪ ಎಲೆ, ಕೆಂಪು ಕಾಂಡದೊಂದಿಗೆ ನಳನಳಿಸುತ್ತದೆ. ಬೆಳಗಿನ ಜಾವ ಕೊಯ್ದರೆ ಹುಳಿ ಹೆಚ್ಚು, ಸಂಜೆ ಕೊಯ್ದರೆ ಕಡಿಮೆ: ನೀರಿನ ಕೊರತೆಯಾದಾಗ ಆ ಗಿಡ ರಾತ್ರಿ ಉಸಿರುರಂಧ್ರ ತೆರೆದು ಗಾಳಿ ಹೀರಿ ಅದನ್ನು ಹುಳಿಯಾಗಿ ಕೂಡಿಟ್ಟು, ಹಗಲು ಖರ್ಚು ಮಾಡುತ್ತದೆ. ತೊಗರಿ ಬೇಳೆಯೊಂದಿಗೆ ಬೇಯಿಸಿ ಬಳ್ಳೊಳ್ಳಿ ಒಗ್ಗರಣೆ ಕೊಟ್ಟು ಜೋಳದ ರೊಟ್ಟಿಯ ಜೊತೆ ತಿನ್ನಿರಿ. ಕಾಂಡ ಮುರಿದಾಗ ಬಿಳಿ ಹಾಲು ಬಂದರೆ ಅದು ಗೋಣಿಯಲ್ಲ, ಅದನ್ನು ತಿನ್ನಬಾರದು. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ಈ ಪಲ್ಯದಿಂದ ದೂರವಿರಬೇಕು.

ಹಿತ್ತಲಿನ ಮೂಲೆಯಲ್ಲಿ ಎಕ್ಕೆ ಹುಟ್ಟಿದ್ದರೆ ಅದನ್ನೂ ಇರಗೊಡಿ. ಅದರ ಎಲೆಯ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಕಂಡರೆ ಗಮನಿಸಿರಿ. ಅದು ಎಲೆಯ ನರವನ್ನು ಮೊದಲು ಕಚ್ಚಿ ಹಾಲು ಸೋರಿಹೋಗಲು ಬಿಟ್ಟು, ಆಮೇಲೆ ಎಲೆ ತಿನ್ನುತ್ತದೆ. ಮುಂದೆ ಅದೇ ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯಾದರೆ ಎಕ್ಕೆ ಬೇಡ, ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ.

ಮರುಪ್ರಶ್ನೆ: ಹಿತ್ತಲ ಮಲ್ಲಿಗೆ, ಕಲಬುರಗಿ

ಎಲ್ಲರಿಗೂ ಧನ್ಯವಾದಗಳು. ಮನೆಯ ನೀರು ಶುದ್ಧೀಕರಣ ಯಂತ್ರದಿಂದ ಹೊರಬೀಳುವ ನೀರನ್ನು ಕುಂಡಗಳಿಗೆ ಹಾಕುತ್ತಿದ್ದೇವೆ. ಮುಂದುವರಿಸಬಹುದೇ? ಕವಳಿ, ತಂಗಡಿಗಳ ಬೀಜವನ್ನು ಯಾವಾಗ ಬಿತ್ತಬೇಕು?

ಉತ್ತರ 4: ಎರೆ ಹೊಲ, ಸೇಡಂ

ಆ ನೀರನ್ನು ನಿಲ್ಲಿಸಿರಿ, ಅಕ್ಕಾವರೆ. ಯಂತ್ರವು ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಆ ಹೊರನೀರಿಗೆ ಸೇರಿರುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪದರು ಕಟ್ಟಿರುವುದನ್ನು ನೀವೇ ನೋಡಿರಬಹುದು. ಆ ನೀರು ನೆಲ ಒರೆಸಲು ಸಾಕು. ಅಕ್ಕಿ, ಬೇಳೆ ತೊಳೆದ ನೀರನ್ನು ಕುಂಡಗಳಿಗೆ ಹಾಕಬಹುದು.

ತಂಗಡಿಯ ಬೀಜವನ್ನು ಈಗಲೇ ಕೂಡಿಸಿಟ್ಟುಕೊಂಡು ಮಿರಗದ (ಮೃಗಶಿರಾ) ಮಳೆ ಬಿದ್ದ ಮೇಲೆ ನೇರವಾಗಿ ಅಂಗಳದಲ್ಲಿಯೇ ಬಿತ್ತಿರಿ, ಕುಂಡದಲ್ಲಿ ಸಸಿ ಮಾಡುವ ಗೋಜು ಬೇಡ. ಕವಳಿ ಹಣ್ಣಾಗುವುದೂ ಅದೇ ಹೊತ್ತಿಗೆ, ಆದ್ದರಿಂದ ಬೀದರದವರು ಹೇಳಿದಂತೆ ತಿಂದ ಕೈಯಲ್ಲಿಯೇ ಬಿತ್ತಿದರಾಯಿತು. ಮೊದಲ ಎರಡು ಬೇಸಿಗೆ ಮಾತ್ರ ಗಿಡದ ಪಕ್ಕದಲ್ಲಿ ಒಂದು ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹುಗಿದು, ನೀರು ತುಂಬಿ, ಬಾಯಿ ಮುಚ್ಚಿಡಿ. ಹಳೆಯ ಗಡಿಗೆಯಾದರೆ ಬೇರಿಗೆ ನೀರು ಒಸರುವ ಅದರ ರಂಧ್ರಗಳು ಕಟ್ಟಿಕೊಂಡಿರುತ್ತವೆ, ಹೊಸದನ್ನೇ ತನ್ನಿರಿ.